ಇಗರ್ಜಿ ಶಾಲೆಗೆ ದೇಣಿಗೆ ಕೇಳುವುದು ಹೇಗೆ? ಕೊಟ್ಟವರು ಮತ್ತೆ ಕೊಡುವ ಹಾಗೆ

ಕರಾವಳಿಯ ಇಗರ್ಜಿ (ಚರ್ಚ್) ಶಾಲೆಗಳು ಹಳೆ ವಿದ್ಯಾರ್ಥಿಗಳನ್ನು ನೆನಪು ಮಾಡಿಕೊಳ್ಳುವುದು ಹೆಚ್ಚಾಗಿ ಎರಡೇ ಸಲ. ಮಾಡು ಸೋರಿದಾಗ, ಇಲ್ಲವೇ ನೂರು ವರ್ಷ ತುಂಬಿದಾಗ. ಆಗ ಒಂದು ಸಮಿತಿ ಆಗುತ್ತದೆ, ವಾಟ್ಸ್ಆ್ಯಪ್ ಗ್ರೂಪ್ ಆಗುತ್ತದೆ, ಮುಂಬೈಗೂ ದುಬೈಗೂ ಫೋನ್ ಹೋಗುತ್ತದೆ, ಹಣ ಬರುತ್ತದೆ, ಉದ್ಘಾಟನೆ, ಊಟ ಎಲ್ಲ ಆಗುತ್ತದೆ. ಆಮೇಲೆ ಸುದ್ದಿಯೇ ಇಲ್ಲ. ಕೆಲವು ವರ್ಷ ಬಿಟ್ಟು ಮತ್ತೆ ಕೇಳಿದರೆ, ಆಗ ಕೈಬಿಚ್ಚಿ ಕೊಟ್ಟವರು ಫೋನೇ ಎತ್ತುವುದಿಲ್ಲ. "ಜನರಿಗೆ ಈಗ ಮನಸ್ಸಿಲ್ಲ" ಎಂದು ಸಮಿತಿಯವರು ಬೇಸರ ಮಾಡಿಕೊಳ್ಳುತ್ತಾರೆ. ಮನಸ್ಸು ಇದೆ. ಕೊಟ್ಟ ಹಣ ಏನಾಯಿತು ಅಂತ ಯಾರೂ ಅವರಿಗೆ ಹೇಳಲಿಲ್ಲ.

ಈಗಿನ ಕಷ್ಟ ಬರೀ ಕಟ್ಟಡದ್ದಲ್ಲ. ಅನುದಾನಿತ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನಿವೃತ್ತರಾದ ಟೀಚರ್ ಜಾಗಕ್ಕೆ ಹೊಸಬರ ನೇಮಕ ಆಗದೆ, ಗೌರವ ಶಿಕ್ಷಕಿಯರ ಸಂಬಳವನ್ನು ಆಡಳಿತ ಮಂಡಳಿಯೇ ಕೊಡಬೇಕಾಗಿದೆ. ಅದು ಪ್ರತಿ ತಿಂಗಳ ಖರ್ಚು. ಹಾಗಾಗಿ ಒಮ್ಮೆ ಕೇಳಿ ಸುಮ್ಮನಾಗುವ ಹಳೆ ಪದ್ಧತಿ ಇನ್ನು ನಡೆಯುವುದಿಲ್ಲ.

ಮೊದಲು ಕಾಗದಪತ್ರ

ಶಾಲೆ ಯಾರ ಹೆಸರಲ್ಲಿದೆ ನೋಡಿ. ಚರ್ಚಿನದ್ದಾ, ಧರ್ಮಪ್ರಾಂತ್ಯದ ಶಿಕ್ಷಣ ಮಂಡಳಿಯದ್ದಾ, ಸಿಸ್ಟರ್‌ಗಳ ಸೊಸೈಟಿಯದ್ದಾ? ಆ ಸಂಸ್ಥೆಯ ಪ್ಯಾನ್, 12ಎ ನೋಂದಣಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ ಪತ್ರ (ಕೊಟ್ಟವರಿಗೆ ತೆರಿಗೆ ವಿನಾಯಿತಿ) ಎಲ್ಲವೂ ಬೇಕು. 80ಜಿ ಅವಧಿ ಮುಗಿದಿಲ್ಲ ತಾನೇ ಎಂದು ದಿನಾಂಕ ನೋಡಿ. ಹಳೆ ವಿದ್ಯಾರ್ಥಿ ಸಂಘದವರು ತಾವಾಗಿಯೇ ಹಣ ಎತ್ತಲು ಹೊರಡುವುದೂ ಸರಿಯಲ್ಲ. ಧರ್ಮಸಭೆಯ ಸಂಸ್ಥೆಗಾಗಿ ಖಾಸಗಿಯವರು ಹಣ ಕೇಳಬೇಕಾದರೆ ಧರ್ಮಾಧ್ಯಕ್ಷರ (ಬಿಷಪರ) ಲಿಖಿತ ಅನುಮತಿ ಬೇಕೆಂದು ಕಥೋಲಿಕ ಧರ್ಮಸಭೆಯ ಕಾನೂನಾದ 1983ರ ಕ್ಯಾನನ್ ಕಾನೂನಿನ 1265ನೇ ವಿಧಿ ಹೇಳುತ್ತದೆ. ಫಾದರ್ ಹತ್ತಿರ ಮಾತಾಡಿ ಬಿಷಪ್ ಹೌಸಿಗೆ ಒಂದು ಪತ್ರ ಕೊಡಿ, ಮುಗಿಯಿತು.

ಹೆಸರುಗಳ ಪಟ್ಟಿ

ಆಫೀಸಿನ ಕಪಾಟಿನಲ್ಲಿರುವ ದಾಖಲಾತಿ ಪುಸ್ತಕ ತೆಗೆಯಿರಿ. ಅದರಲ್ಲಿ ಮಗುವಿನ ಹೆಸರು, ತಂದೆ ಹೆಸರು, ಊರು ಎಲ್ಲ ಇರುತ್ತದೆ. ಗಂಡುಮಕ್ಕಳು ಬೇಗ ಸಿಗುತ್ತಾರೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೂ ಊರೂ ಬದಲಾಗಿರುತ್ತದೆ, ಅದಕ್ಕೇ ಸಮಿತಿಗಳು ಅವರನ್ನು ಸುಮ್ನೆ ಬಿಟ್ಟುಬಿಡುತ್ತವೆ. ಬಿಡಬೇಡಿ. ತವರಿನಲ್ಲಿರುವ ಅಣ್ಣನನ್ನೋ ಅತ್ತಿಗೆಯನ್ನೋ ಕೇಳಿದರೆ ನಂಬರ್ ಸಿಗುತ್ತದೆ.

ಇನ್ನೊಂದು ಮಾತು. ಈ ಶಾಲೆಗಳಲ್ಲಿ ಓದಿದವರು ಕ್ರೈಸ್ತರು ಮಾತ್ರ ಅಲ್ಲ. ಶೆಟ್ಟರು, ಪೂಜಾರಿಯವರು, ಬ್ಯಾರಿ ಮಕ್ಕಳು ಎಲ್ಲ ಅದೇ ಬೆಂಚಿನಲ್ಲಿ ಕೂತವರು. ಇಗರ್ಜಿ ವಾರ್ಡಿನ ಮುಖ್ಯಸ್ಥರಾದ ಗುರಿಕಾರರ ಮೂಲಕ, ಕೊಂಕಣಿಯಲ್ಲಿ, ಪೂಜೆ ಮುಗಿದ ಮೇಲೆ ಮಾಡುವ ಪ್ರಕಟಣೆ ಇವರಲ್ಲಿ ಯಾರಿಗೂ ತಲುಪುವುದಿಲ್ಲ. ಪತ್ರ ಕನ್ನಡದಲ್ಲಿರಲಿ. ಸಮಿತಿಯಲ್ಲೂ ಬೇರೆ ಸಮುದಾಯದ ಇಬ್ಬರು ಮೂವರು ಇರಲೇಬೇಕು.

ಕೇಳುವ ರೀತಿ

"ಉದಾರವಾಗಿ ಸಹಕರಿಸಬೇಕಾಗಿ ವಿನಂತಿ" ಎಂಬ ಪತ್ರವನ್ನು ಯಾರೂ ಪೂರ್ತಿ ಓದುವುದಿಲ್ಲ. ಏನು ಬೇಕು, ಎಷ್ಟು ಬೇಕು, ಯಾವಾಗ ಬೇಕು ಎಂದು ನೇರವಾಗಿ ಬರೆಯಿರಿ. ಹೀಗೆ: "ಮೂರನೇ, ನಾಲ್ಕನೇ ತರಗತಿಯನ್ನು ಈಗ ಒಬ್ಬರೇ ಟೀಚರ್ ಒಂದೇ ಕೋಣೆಯಲ್ಲಿ ನೋಡಿಕೊಳ್ಳುತ್ತಿದ್ದಾರೆ. ಇನ್ನೊಬ್ಬ ಗೌರವ ಶಿಕ್ಷಕಿಗೆ ತಿಂಗಳಿಗೆ 12,000 ರೂಪಾಯಿ ಬೇಕು. 24 ಮಂದಿ ತಿಂಗಳಿಗೆ 500ರಂತೆ ಕೊಟ್ಟರೆ ಜೂನ್‌ನಿಂದ ಅವರು ಬರುತ್ತಾರೆ." ಇದನ್ನು ಓದಿದವರಿಗೆ ತಾನು ಆ 24ರಲ್ಲಿ ಒಬ್ಬನಾಗಬಹುದು ಅನಿಸುತ್ತದೆ. ಹತ್ತು ಲಕ್ಷದ ಗುರಿ ಬರೆದು ಕಳಿಸಿದರೆ "ನನ್ನ ಐನೂರರಿಂದ ಏನಾಗುತ್ತದೆ" ಎಂದುಕೊಂಡು ಸುಮ್ಮನಾಗುತ್ತಾರೆ.

ದೊಡ್ಡ ಮೊತ್ತ ಕೇಳುವುದಾದರೆ ಮನೆಗೇ ಹೋಗಿ. ಫಾದರ್ ಅಥವಾ ಹೆಡ್‌ಮಿಸ್ಟ್ರೆಸ್ ಜೊತೆಗೆ ಆ ವ್ಯಕ್ತಿಯ ಕ್ಲಾಸ್‌ಮೇಟ್ ಒಬ್ಬರು ಇರಲಿ. ಮೊದಲ ಭೇಟಿಯಲ್ಲಿ ಹಣದ ಮಾತು ಬೇಡ, ಶಾಲೆ ನೋಡಲು ಕರೆಯಿರಿ. ಗಲ್ಫಿನಲ್ಲಿರುವವರು ಕ್ರಿಸ್ಮಸ್‌ಗೋ ಅಲ್ಲಿನ ಬೇಸಿಗೆ ರಜೆಗೋ ಬಂದಾಗ ಕರೆಯುವುದಾದರೆ ಶಾಲೆ ನಡೆಯುವ ದಿನವೇ ಕರೆಯಿರಿ. ಮಕ್ಕಳಿಲ್ಲದ ಕಟ್ಟಡ ತೋರಿಸಿ ಪ್ರಯೋಜನವಿಲ್ಲ.

ಮಕ್ಕಳ ಕೈಗೆ ಲಕ್ಕಿ ಡ್ರಾ ಕೂಪನ್ ಪುಸ್ತಕ ಕೊಟ್ಟು ಮನೆಮನೆಗೆ ಕಳಿಸುವ ಸುಲಭದ ದಾರಿ ಖಂಡಿತ ಬೇಡ. ಸರ್ಕಾರದ ಅನುಮತಿಯಿಲ್ಲದ ಲಾಟರಿ ಕಾನೂನಿನ ಕಣ್ಣಲ್ಲಿ ಅಪರಾಧ, ಮಾರಾಟವಾಗದ ಕೂಪನ್‌ನ ಹಣವನ್ನು ಬಡ ಅಪ್ಪ ಅಮ್ಮನೇ ಕಟ್ಟಬೇಕಾಗುತ್ತದೆ. ಮಗುವಿನ ಸೇರ್ಪಡೆ ಸಮಯದಲ್ಲಿ ಪೋಷಕರ ಹತ್ತಿರ "ದೇಣಿಗೆ" ಕೇಳುವುದೂ ಬೇಡ. ಕರ್ನಾಟಕದಲ್ಲಿ 1984ರಿಂದಲೇ ಕ್ಯಾಪಿಟೇಷನ್ (ಸೀಟಿಗಾಗಿ ಹಣ ಪಡೆಯುವುದು) ನಿಷೇಧ ಕಾಯ್ದೆ ಇದೆ.

ಹೊರದೇಶದ ಹಣ: ಎಲ್ಲರೂ ಎಡವುವುದು ಇಲ್ಲೇ

ಇದನ್ನು ನಿಧಾನವಾಗಿ ಓದಿ. ಹಣ ಯಾವ ದೇಶದಿಂದ ಬಂತು ಅನ್ನುವುದಕ್ಕಿಂತ, ಕೊಟ್ಟವರ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಮುಖ್ಯ.

ಕುವೈತ್‌ನಲ್ಲಿ ಕೆಲಸ ಮಾಡುವ, ಭಾರತದ ಪಾಸ್‌ಪೋರ್ಟ್ ಇರುವ ಹಳೆ ವಿದ್ಯಾರ್ಥಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ, ಶಾಲೆಯ ಮಾಮೂಲಿ ಖಾತೆಗೇ ಬರಬಹುದು. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೂ ಪಾಸ್‌ಪೋರ್ಟ್ ಭಾರತದ್ದಾದರೆ ಇದೇ ನಿಯಮ. ಆದರೆ ಕೆನಡಾದ ಪೌರತ್ವ ತೆಗೆದುಕೊಂಡವರು ಕಾನೂನಿನ ಲೆಕ್ಕದಲ್ಲಿ ವಿದೇಶಿಯರು. "ನನ್ನ ಹತ್ತಿರ ಓಸಿಐ ಕಾರ್ಡ್ ಇದೆಯಲ್ಲ" ಎಂದರೂ ಅಷ್ಟೇ, ಅದು ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್. ಗೋವಾ ಮೂಲದವರಲ್ಲಿ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಲಂಡನ್‌ನಲ್ಲಿರುವವರಿದ್ದಾರೆ, ಅವರಿಗೂ ಅಷ್ಟೇ. ಇವರು ಊರಿಗೆ ಬಂದು ನಿಮ್ಮ ಕೈಗೆ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ.

ಅಂಥ ಹಣ ಪಡೆಯಲು, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಕೊಡುವ ಕೇಂದ್ರ ಗೃಹ ಸಚಿವಾಲಯದ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬಂದು ಬೀಳಬೇಕಾದದ್ದು ಎಸ್‌ಬಿಐಯ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಹಿಂದೆ ನೋಂದಣಿ ಇದ್ದ ಒಂದು ಸಂಸ್ಥೆ ಹಣ ತರಿಸಿ ನೋಂದಣಿ ಇದ್ದ ಇನ್ನೊಂದಕ್ಕೆ ಹಂಚುತ್ತಿತ್ತು, ಆ ಬಾಗಿಲೂ ಅದೇ ತಿದ್ದುಪಡಿಯಲ್ಲಿ ಮುಚ್ಚಿತು. ಹಾಗಾಗಿ "ಬಿಷಪ್ ಹೌಸಿನ ಖಾತೆಗೆ ಹಾಕಿಸಿ, ಅಲ್ಲಿಂದ ನಮಗೆ ಬರುತ್ತದೆ" ಎಂದು ಯಾರಾದರೂ ಹೇಳಿದರೆ, ನಿಮ್ಮ ಶಾಲೆ ಅದೇ ನೋಂದಾಯಿತ ಸಂಸ್ಥೆಗೆ ಸೇರಿದೆಯೇ ಎಂದು ಮೊದಲು ಕೇಳಿ. ಸೇರಿಲ್ಲದಿದ್ದರೆ ಆಗುವುದಿಲ್ಲ.

ಜನ ಸಿಕ್ಕಿಬೀಳುವ ಜಾಗಗಳು ಇನ್ನೂ ಇವೆ. ಟೊರಾಂಟೊದ ಒಬ್ಬರು ಅಲ್ಲಿನ ಗೆಳೆಯರಿಂದ ಒಟ್ಟು ಮಾಡಿ ತಮ್ಮ ಖಾತೆಯಿಂದ ಒಟ್ಟಿಗೇ ಕಳಿಸುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಅದರಲ್ಲಿ ಯಾರ ಹಣ ಯಾವ ಪಾಸ್‌ಪೋರ್ಟಿನದು ಎಂದು ಹೇಗೆ ಗೊತ್ತಾಗಬೇಕು? ಪ್ರತಿಯೊಬ್ಬರೂ ಬೇರೆಬೇರೆಯಾಗಿ, ಅವರವರ ಖಾತೆಯಿಂದಲೇ ಕಳಿಸಬೇಕು. ಮಸ್ಕತ್‌ನಲ್ಲೋ ಲಂಡನ್‌ನಲ್ಲೋ ರಿಜಿಸ್ಟರ್ ಆದ ಸಂಘವೊಂದು ಸಂಘದ ಹೆಸರಲ್ಲಿ ಕೊಟ್ಟರೆ, ಸದಸ್ಯರೆಲ್ಲ ನಮ್ಮ ಊರವರೇ ಆದರೂ ಅದು ವಿದೇಶಿ ಮೂಲ. ಉದ್ಯೋಗಿ ಕೊಟ್ಟಷ್ಟೇ ಹಣವನ್ನು ತಾನೂ ಸೇರಿಸುವ ವಿದೇಶಿ ಕಂಪನಿಯ ಪಾಲೂ ಹಾಗೆಯೇ.

ಮಾಡಬೇಕಾದ ಕೆಲಸ ಇಷ್ಟೇ: ಬ್ಯಾಂಕ್ ಖಾತೆ ನಂಬರನ್ನು ಗ್ರೂಪಿನಲ್ಲಿ ಹಾಕಲೇಬೇಡಿ. ಹೊರದೇಶದಲ್ಲಿರುವ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಮೆಸೇಜ್ ಕಳಿಸಿ, ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಮರ್ಯಾದೆಯಿಂದ ಕೇಳಿ, ಭಾರತದ್ದಾದರೆ ಮೊದಲ ಪುಟದ ಪ್ರತಿ ತರಿಸಿ ಫೈಲಿನಲ್ಲಿಟ್ಟು, ಆಮೇಲೆ ಖಾತೆ ನಂಬರ್ ಕೊಡಿ. ಕೇಳಲು ಮುಜುಗರ ಆಗುತ್ತದೆ, ನಿಜ. "ಶಾಲೆಗೆ ತೊಂದರೆ ಆಗಬಾರದು ಅಂತ ಕೇಳ್ತಿದ್ದೇವೆ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಎಫ್‌ಸಿಆರ್‌ಎ ಇಲ್ಲದಿದ್ದರೆ ವಿದೇಶಿ ಪೌರರಿಗೆ ಕೃತಜ್ಞತೆ ಹೇಳಿ, ಹಣ ಬೇಡ ಎನ್ನಿ. ಊರಿನಲ್ಲಿರುವ ತಮ್ಮನ ಖಾತೆಗೆ ಹಾಕಿ ಅಲ್ಲಿಂದ ಶಾಲೆಗೆ ಕೊಡಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ.

ರಸೀದಿ

ಅಧ್ಯಕ್ಷರ ಸ್ವಂತ ನಂಬರಿನ ಕ್ಯೂಆರ್ ಕೋಡ್ ಬೇಡ. ಶಾಲೆಯ ಖಾತೆಗೆ ಬ್ಯಾಂಕೇ ಕೊಡುವ ಕೋಡ್ ಹಾಕಿ. ಕಮಿಷನ್ ತೆಗೆದುಕೊಳ್ಳುವ ದೇಣಿಗೆ ಆ್ಯಪ್‌ಗಳೂ ನನ್ನ ಪ್ರಕಾರ ಇಷ್ಟು ಸಣ್ಣ ಶಾಲೆಗೆ ದಂಡ. ಹಣ ಬಂದ ದಿನವೇ ಫೋನ್, ವಾರದೊಳಗೆ ರಸೀದಿ.

2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ, ಇಲ್ಲವೇ ಬೆಂಚು, ಕಂಪ್ಯೂಟರ್ ಕೊಡಿಸಿದರೆ 80ಜಿ ವಿನಾಯಿತಿ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ವ್ಯಕ್ತಿಗಳಿಗೂ ಸಿಗುವುದಿಲ್ಲ. ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಬರೆದಿಟ್ಟುಕೊಂಡರೆ ಮಾತ್ರ ಮೇ 31ರೊಳಗೆ ದಾನಿಗಳ ವಿವರದ 10ಬಿಡಿ ಫಾರಂ ತುಂಬಿ ಅವರಿಗೆ 10ಬಿಇ ಪ್ರಮಾಣಪತ್ರ ಕೊಡಲು ಆಗುತ್ತದೆ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಲೆಕ್ಕಕ್ಕೆ ಬರುವುದರಿಂದ ಸೆಕ್ಷನ್, ಫಾರಂ ನಂಬರುಗಳನ್ನು ಆಡಿಟರ್ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಲೆಕ್ಕ ಕೊಡುವುದು

ಟೀಚರ್ ಸಂಬಳಕ್ಕೆಂದು ಬಂದ ಹಣವನ್ನು ಗೇಟಿಗೆ ಬಣ್ಣ ಹೊಡೆಯಲು ಬಳಸುವಂತಿಲ್ಲ. ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟದ್ದನ್ನು ಅದಕ್ಕೇ ಬಳಸಬೇಕೆಂದು ಕ್ಯಾನನ್ ಕಾನೂನಿನ 1267ನೇ ವಿಧಿಯಲ್ಲಿದೆ, ಭಕ್ತರು ಕೊಟ್ಟದ್ದರ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕೆಂದು 1287ರಲ್ಲಿದೆ. ಉದ್ದೇಶ ಬದಲಾಗಲೇಬೇಕಾದರೆ ಕೊಟ್ಟವರನ್ನೇ ಕೇಳಿ.

ವರ್ಷಕ್ಕೆ ಎರಡು ಸಲ ಒಂದು ಪುಟದ ಪತ್ರ ಸಾಕು. ಒಂದು ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮೇರಿ ಮಾತೆಯ ಜನ್ಮದಿನ) ಹೊತ್ತಿಗೆ, ಇನ್ನೊಂದು ಶಾಲೆ ಮುಗಿಯುವಾಗ. ಬಂದದ್ದು ಇಷ್ಟು, ಹೋದದ್ದು ಇಷ್ಟು, ಉಳಿದದ್ದು ಇಷ್ಟು. ಕೆಳಗೆ ಆ ಗೌರವ ಶಿಕ್ಷಕಿ ತಮ್ಮ ಕೈಬರಹದಲ್ಲಿ ನಾಲ್ಕು ಸಾಲು ಬರೆಯಲಿ: ಯಾವ ಪಾಠ ನಡೆಯುತ್ತಿದೆ, ಮಗ್ಗಿ ಯಾರಿಗೆ ಬಂತು, ಯಾರಿಗೆ ಇನ್ನೂ ಬರಲಿಲ್ಲ. ಮಕ್ಕಳ ಹೆಸರು, ಫೋಟೊ ಬೇಡ, ಬಡತನ ತೋರಿಸಿ ಹಣ ಕೇಳುವುದು ಆ ಮಕ್ಕಳಿಗೆ ಅವಮಾನ. ಚಿನ್ನದ ಬಣ್ಣದ ಪ್ಲಾಸ್ಟಿಕ್ ಸ್ಮರಣಿಕೆಗಳಿಗೂ ಫ್ಲೆಕ್ಸಿಗೂ ಒಂದು ರೂಪಾಯಿ ಖರ್ಚು ಮಾಡಬೇಡಿ.

ತೀರಿಕೊಂಡ ದಾನಿಗಳಿಗಾಗಿ, ಮೃತರನ್ನು ಸ್ಮರಿಸುವ ದಿನವಾದ ನವೆಂಬರ್ 2ರಂದು ಪೂಜೆಯಲ್ಲಿ ಪ್ರಾರ್ಥಿಸುವುದಾದರೆ ಮನೆಯವರಿಗೆ ಮೊದಲೇ ತಿಳಿಸಿ. ಬೇರೆ ಧರ್ಮದವರಾಗಿದ್ದರೆ ಮನೆಯವರನ್ನು ಕೇಳಿ, ಅವರು ಹೇಳಿದ ಹಾಗೆ ಮಾಡಿ.

ಎರಡನೇ ವರ್ಷ ಹಣ ಕೇಳುವ ಮುಂಚೆ, ಹಿಂದಿನ ಲೆಕ್ಕದ ಪತ್ರ ಮುಟ್ಟಿದೆಯೇ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿ ವಿಚಾರಿಸಿ. ಮುಟ್ಟಿಲ್ಲ ಎಂದವರಿಗೆ ಆ ತಿಂಗಳು ಲೆಕ್ಕ ಮಾತ್ರ ಕಳಿಸಿ, ಹಣ ಕೇಳಬೇಡಿ.