ಹುಡುಕಿ ಕೊಡುವ ಕೆಲಸ: ಒಂದು ಹಳ್ಳಿ ಗ್ರಂಥಾಲಯದ ಅನುಭವ

"ಅಮ್ಮಾ, ನಮ್ಮೂರ ಕೆರೆ ಕಟ್ಟೆ ಮೇಲೆ ಶಾಸನದ ಕಲ್ಲಿದೆ ನೋಡು, ಅದನ್ನ ಆ ಕಾಲದಲ್ಲೇ ರೈಸ್ ಸಾಹೇಬರು ಓದಿಸಿ ಪುಸ್ತಕಕ್ಕೆ ಹಾಕಿದ್ದಾರಂತೆ. ಆ ಪುಸ್ತಕ ನಿನ್ನ ಹತ್ರ ಇದ್ಯಾ?"

ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಕೇಳಿದಾಗ ನನ್ನ ಬಳಿ ಇದ್ದದ್ದು ನಾಲ್ಕು ಕಬ್ಬಿಣದ ಬೀರು, ಎರಡು ದಿನಪತ್ರಿಕೆ, ಹೊಸದಾಗಿ ಬಂದಿದ್ದ ಒಂದು ಕಂಪ್ಯೂಟರ್. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ನಮ್ಮಂಥ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬಾಗಿಲ ಮೇಲಿನ ಬೋರ್ಡಿನಲ್ಲಿ 'ಅರಿವು ಕೇಂದ್ರ' ಎಂದಿದೆ. ಕಂಪ್ಯೂಟರ್ ಬಂದ ಹೊಸತರಲ್ಲಿ ತರಬೇತಿಯೂ ಆಯಿತು. ಆನ್ ಮಾಡುವುದು, ಆಫ್ ಮಾಡುವುದು, ಹಾಜರಾತಿ ತುಂಬುವುದು, ಮಕ್ಕಳಿಗೆ ವೀಡಿಯೊ ತೋರಿಸುವುದು, ಇಷ್ಟನ್ನು ಬರೆದುಕೊಂಡು ಬಂದೆ. ಓದುಗರು ಎದುರಿಗೆ ನಿಂತು ಏನು ಕೇಳುತ್ತಾರೆ ಅನ್ನುವುದು ಆ ಟಿಪ್ಪಣಿಯಲ್ಲಿ ಇರಲಿಲ್ಲ. ಅದನ್ನು ಕಲಿಸಿದವರು ಓದುಗರೇ.

ಮೇಷ್ಟ್ರ ಪ್ರಶ್ನೆಯನ್ನೇ ಮೊದಲು ಹೇಳುತ್ತೇನೆ. ಬಿ. ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲಾವಾರು ಸಂಪುಟಗಳಾಗಿ ತಂದದ್ದು 'ಎಪಿಗ್ರಾಫಿಯಾ ಕರ್ನಾಟಿಕಾ'. ನಾನು ಮೊದಲು ಹುಡುಕಿದ್ದು ಚಿಕ್ಕಬಳ್ಳಾಪುರ ಜಿಲ್ಲೆ ಅಂತ. ಏನೂ ಸಿಗಲಿಲ್ಲ. ನಮ್ಮದು ಜಿಲ್ಲೆಯಾದದ್ದೇ 2007ರಲ್ಲಿ, ರೈಸ್ ಅವರ ಕಾಲಕ್ಕೆ ನಾವೆಲ್ಲ ಕೋಲಾರ ಜಿಲ್ಲೆ. ಹಾಗಾಗಿ ಬೇಕಾದದ್ದು 1905ರಲ್ಲಿ ಅಚ್ಚಾದ ಹತ್ತನೇ ಸಂಪುಟ. ಇದು ತಲೆಗೆ ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ಕಂಪ್ಯೂಟರ್ ಬಿಟ್ಟು ಮೇಷ್ಟ್ರ ಜೊತೆ ಮಾತಾಡುತ್ತಾ ಕೂತಾಗಲೇ ಅದು ಹೊಳೆದದ್ದು. ಅಂದಿನಿಂದ ಯಾರೇ ಹಳೆಯ ದಾಖಲೆ ಕೇಳಲಿ, ಕೀಬೋರ್ಡ್ ಮುಟ್ಟುವ ಮುಂಚೆ ಒಂದು ಕೇಳುತ್ತೇನೆ: ಆ ಕಾಲಕ್ಕೆ ಈ ಊರು ಯಾವ ತಾಲ್ಲೂಕು, ಯಾವ ಜಿಲ್ಲೆ?

ಸಂಪುಟ ಸಿಕ್ಕಿದ್ದು ಇಂಟರ್ನೆಟ್ ಆರ್ಕೈವ್‌ನಲ್ಲಿ. ಅಲ್ಲಿ ಪುಸ್ತಕದ ಒಳಗೇ ಪದ ಹುಡುಕುವ ಸೌಲಭ್ಯ ಇದೆ, ಭೂತಗನ್ನಡಿಯ ಗುರುತು ಒತ್ತಿದರೆ ತೆರೆದುಕೊಳ್ಳುತ್ತದೆ. ಊರ ಹೆಸರನ್ನು ಈಗ ಬಸ್ಸಿನ ಮೇಲೆ ಇಂಗ್ಲಿಷಿನಲ್ಲಿ ಬರೆಯುವ ಹಾಗೆ ಕೊಟ್ಟೆ. ಇಲ್ಲ ಅಂದಿತು. ಮೇಷ್ಟ್ರ ಮುಖ ಸಣ್ಣದಾಯಿತು. ಆಮೇಲೆ ಹಾಳೆ ಮಗುಚುತ್ತಾ ನೋಡಿದರೆ ಆ ಪುಸ್ತಕದ ಕಾಗುಣಿತವೇ ಬೇರೆ. ಗೌರಿಬಿದನೂರು ಅಲ್ಲಿ 'ಗೋರಿಬಿದ್ನೂರ್', ಬಂಗಾರಪೇಟೆ 'ಬೌರಿಂಗ್‌ಪೇಟ್'. ಅದರ ಮೇಲೆ ದೀರ್ಘ ತೋರಿಸಲು ಅಕ್ಷರಗಳ ನೆತ್ತಿಗೆ ಗೆರೆ, ಕೆಳಗೆ ಚುಕ್ಕೆ. ಯಂತ್ರ ಅಚ್ಚಿನ ಪುಟ ಓದುವಾಗ ಆ ಗೆರೆ ಚುಕ್ಕೆಗಳಲ್ಲಿ ಎಡವುತ್ತದೆ. ಊರ ಪೂರ್ತಿ ಹೆಸರು ಬಿಟ್ಟು, ನಡುವಿನ ನಾಲ್ಕು ಅಕ್ಷರ ಮಾತ್ರ ಕೊಟ್ಟು ನೋಡಿದೆ. ಅದರಲ್ಲೂ ಸಿಗಲಿಲ್ಲ. ಕೊನೆಗೆ ಹಿಡಿದದ್ದು ಹಳೇ ದಾರಿಯನ್ನೇ. ಶಾಸನಗಳು ತಾಲ್ಲೂಕುವಾರು ಕ್ರಮಸಂಖ್ಯೆಯಲ್ಲಿ ಇವೆ, ಶಿಡ್ಲಘಟ್ಟ ತಾಲ್ಲೂಕಿನ ಭಾಗ ತೆರೆದು ಒಂದೊಂದೇ ಊರ ಹೆಸರನ್ನು ಇಬ್ಬರೂ ಬಾಯಲ್ಲಿ ಓದುತ್ತಾ ಹೋದೆವು. ಸಂಜೆ ಐದೂವರೆಗೆ ಮೇಷ್ಟ್ರು ಪರದೆಗೆ ಬೆರಳಿಟ್ಟು "ನಿಲ್ಸು, ನಿಲ್ಸು" ಅಂದರು.

ಒಂದೇ ಶಾಸನ ಆ ಪುಸ್ತಕದಲ್ಲಿ ಮೂರು ಕಡೆ ಇರುತ್ತದೆ: ಕನ್ನಡ ಲಿಪಿಯ ಪಾಠ ಒಂದು ಕಡೆ, ಇಂಗ್ಲಿಷ್ ಅಕ್ಷರದಲ್ಲಿ ಅದೇ ಪಾಠ ಇನ್ನೊಂದು ಕಡೆ, ಇಂಗ್ಲಿಷ್ ಅನುವಾದ ಮತ್ತೊಂದು ಕಡೆ. ಕ್ರಮಸಂಖ್ಯೆ ಒಂದೇ ಆಗಿರುವುದರಿಂದ, ಒಂದು ಸಿಕ್ಕರೆ ಉಳಿದೆರಡೂ ಸಿಕ್ಕಂತೆ. ನಮ್ಮ ಕಲ್ಲಿನಲ್ಲಿದ್ದದ್ದು ಕೆರೆ ಕಟ್ಟಿಸಿದವನಿಗೆ ಗದ್ದೆ ಬಿಟ್ಟುಕೊಟ್ಟ ವಿಷಯ. ಅದರಲ್ಲಿ 'ಕಟ್ಟುಗೊಡಗೆ' ಅನ್ನುವ ಮಾತು ಬಂತು. ಮೇಷ್ಟ್ರಿಗೂ ಅದು ಹೊಸದು. 'ಕೊಡಗೆ' ಎಂಬ ಅರ್ಧವನ್ನು ಅಲರ್ ನಿಘಂಟಿನಲ್ಲಿ ಹಾಕಿ ನೋಡಿದೆವು, ದಾನವಾಗಿ ಕೊಟ್ಟದ್ದು ಎಂದು ಗೊತ್ತಾಯಿತು. ಕೆರೆ ಕಟ್ಟಿಸಿದ್ದಕ್ಕೆ ಕೊಟ್ಟ ಕೊಡುಗೆ, ಕಟ್ಟುಗೊಡಗೆ. ವಿ. ಕೃಷ್ಣ ಎಂಬ ಒಬ್ಬರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು ಅದು, 2019ರಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ತೆರೆದರು. ಹಳ್ಳಿ ಗ್ರಂಥಾಲಯದಲ್ಲಿ ಕೂತಿರುವ ನಮಗೆ ಅದು ಎಂಥ ಉಪಕಾರ ಅಂತ ಹೇಳಲು ಮಾತು ಸಾಲದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲೂ ಬೇರೆ ಬೇರೆ ನಿಘಂಟುಗಳಿವೆ, ಎರಡನ್ನೂ ಬುಕ್‌ಮಾರ್ಕ್ ಮಾಡಿ ಇಟ್ಟಿದ್ದೇನೆ.

ಅದಾದ ಮೇಲೆ ಊರಲ್ಲಿ ಸುದ್ದಿ ಹರಡಿತು, ಗ್ರಂಥಾಲಯದಲ್ಲಿ ಕೇಳಿದರೆ ಹುಡುಕಿ ಕೊಡುತ್ತಾರೆ ಅಂತ.

ನಮ್ಮ ಕಡೆ ಮನೆ ಮನೆಯಲ್ಲೂ ರೇಷ್ಮೆ. ಒಂದು ಮಾಗಿಯ ಬೆಳಿಗ್ಗೆ ರೈತರೊಬ್ಬರು ಕಾಗದದ ಪೊಟ್ಟಣದಲ್ಲಿ ಐದಾರು ಸತ್ತ ಹುಳು ತಂದು ಮೇಜಿನ ಮೇಲೆ ಬಿಚ್ಚಿದರು. ಮುಟ್ಟಿದರೆ ಸೀಮೆಸುಣ್ಣದ ತುಂಡಿನ ಹಾಗೆ ಗಟ್ಟಿ, ಬಿಳಿ. "ಸುಣ್ಣಕಟ್ಟು ಬಂದ್ಬಿಟ್ಟಿದೆ ಮೇಡಂ, ನಾಲ್ಕನೇ ಜ್ವರ ದಾಟಿದ ಹುಳ. ಈಗೇನು ಮಾಡ್ಬೇಕು ಅಂತ ಅದ್ರಲ್ಲಿ ನೋಡಿ." ಅವರಿಗೆ ಟೈಪ್ ಮಾಡಲು ಬರುವುದಿಲ್ಲ. ಮೊಬೈಲಿನ ಮೈಕ್ ಗುರುತು ಒತ್ತಿ, ಕನ್ನಡಕ್ಕೆ ಹಾಕಿ, ನೀವೇ ಹೇಳಿ ಅಂದೆ. ಅವರು ಹೇಳಿದ್ದನ್ನು ಫೋನು ಅಕ್ಷರ ತಪ್ಪದೆ ಬರೆದುಕೊಂಡಿತು. ಆದರೆ ಬಂದದ್ದು ಗೋಡೆಗೆ ಸುಣ್ಣ ಬಳಿಯುವ ವಿಚಾರ, ಮನುಷ್ಯರ ಜ್ವರಕ್ಕೆ ಮನೆಮದ್ದು. ನಮ್ಮಲ್ಲಿ ಹುಳು ಪೊರೆ ಬಿಡಲು ಮೇವು ಬಿಟ್ಟು ಸುಮ್ಮನೆ ಮಲಗುವುದಕ್ಕೆ ಜ್ವರ ಅನ್ನುತ್ತೇವೆ. ಹುಟ್ಟಿದಾಗಿನಿಂದ ಕೇಳಿದ ಮಾತು ಅದು, ಫೋನಿಗೆ ಅದು ಗೊತ್ತಿಲ್ಲ.

ನನಗೆ ದಾರಿ ತೋರಿಸಿದ್ದು ಬೀರು. ರೇಷ್ಮೆ ಸಾಕಣೆಯ ಹಳೆಯ ಕಿರುಹೊತ್ತಗೆಯೊಂದರಲ್ಲಿ ರೋಗಗಳ ಪಟ್ಟಿಯಿತ್ತು, ಸುಣ್ಣಕಟ್ಟಿನ ಎದುರು 'ಮಸ್ಕಾರ್ಡೀನ್' ಎಂಬ ಇಂಗ್ಲಿಷ್ ಹೆಸರಿತ್ತು. ಆ ಹೆಸರು ಕೊಟ್ಟ ಕೂಡಲೇ ಸಂಶೋಧನಾ ಸಂಸ್ಥೆಗಳ ಪುಟಗಳು ಬಂದವು. ಅದು ಬೂಷ್ಟಿನಿಂದ ಬರುವ ರೋಗ, ಚಳಿ ಮತ್ತು ತೇವ ಹೆಚ್ಚಿದಾಗ ಹರಡುತ್ತದೆ, ಸತ್ತ ಹುಳುವನ್ನು ಕೂಡಲೇ ತೆಗೆದು ಸುಡಬೇಕು, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ, ಮನೆ ಎಲ್ಲವನ್ನೂ ಸೋಂಕು ನಿವಾರಣೆ ಮಾಡಬೇಕು. ಔಷಧಿಯ ಹೆಸರು, ಪ್ರಮಾಣ ನಾನು ಓದಿ ಹೇಳಲಿಲ್ಲ. ರೇಷ್ಮೆ ಇಲಾಖೆಯ ಕಚೇರಿಗೆ ಹೋಗಿ ಅವರನ್ನೇ ಕೇಳಿ ಅಂತ ಮುದ್ರಿಸಿದ ಹಾಳೆ ಕೊಟ್ಟು ಕಳಿಸಿದೆ. ಪೊಟ್ಟಣ ಇಲ್ಲಿ ಬಿಡಬೇಡಿ, ಮನೆಗೂ ಒಯ್ಯಬೇಡಿ ಅಂದೆ. ಗ್ರಂಥಾಲಯದ ಹಿಂದೆಯೇ ಸುಟ್ಟು ಹೋದರು. ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಕ್ಕೆ ನಮ್ಮೂರ ಮಾತು, ಬಲಕ್ಕೆ ಹುಡುಕಿದರೆ ಸಿಗುವ ಮಾತು. ಅದರಲ್ಲಿ ತೆಲುಗು ಪದಗಳೂ ಇವೆ, ಯಾಕೆಂದರೆ ನಮ್ಮ ಓದುಗರಲ್ಲಿ ಅರ್ಧ ಜನರ ಮನೆಮಾತು ತೆಲುಗು. ಪಾಠ ಕನ್ನಡದಲ್ಲಿ ಓದಿದವರೂ ಹೊಲದ ವಿಷಯ ಬಂದಾಗ ತೆಲುಗಿಗೆ ತಿರುಗುತ್ತಾರೆ. ಯಾವ ತಂತ್ರಾಂಶಕ್ಕಿಂತಲೂ ನನಗೆ ಹೆಚ್ಚು ಕೆಲಸಕ್ಕೆ ಬಂದಿರುವುದು ಈ ನೋಟ್‌ಬುಕ್.

ನಮ್ಮದೇ ಪುಸ್ತಕಗಳ ಪಟ್ಟಿಯ ಕಥೆ ಬೇರೆ. ಹಿಂದಿನವರು ಕಷ್ಟಪಟ್ಟು ಟೈಪ್ ಮಾಡಿಸಿಟ್ಟಿದ್ದ ಕಡತ ಒಂದು ಪೆನ್‌ಡ್ರೈವಿನಲ್ಲಿತ್ತು. ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕೆಟ್ಟುಹೋಗಿದೆ ಅಂತ ಅಳಿಸಿಬಿಡುವವಳಿದ್ದೆ. ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರ್ ನೋಡಿ, "ಅಕ್ಕಾ, ಇದು ಹಳೇ ನುಡಿ ಫಾಂಟು, ಯೂನಿಕೋಡ್ ಅಲ್ಲ" ಅಂದ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಪರದೆಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಕೀಲಿಗಳ ಸಂಕೇತ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಓದಲಾಗದು, ಕನ್ನಡದಲ್ಲಿ ಹುಡುಕಲೂ ಆಗದು. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಸಂಕೇತವೇ ಯೂನಿಕೋಡ್, ಅದಕ್ಕೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳು, ಅರ್ಕಾವೊತ್ತುಗಳು ಅಲ್ಲಲ್ಲಿ ಜಾಗ ತಪ್ಪಿದ್ದವು. ಒಂದು ತಿಂಗಳು ಮಧ್ಯಾಹ್ನ ಜನ ಕಡಿಮೆ ಇರುವ ಹೊತ್ತಲ್ಲಿ, ಬೀರುವಿನಿಂದ ಪುಸ್ತಕ ತೆಗೆದು ಹೆಸರು ತಾಳೆ ನೋಡಿ ತಿದ್ದಿದೆ. ಈಗ ಎಲ್ಲ ಒಂದು ಗೂಗಲ್ ಶೀಟ್‌ನಲ್ಲಿದೆ. ಕಂಟ್ರೋಲ್ ಮತ್ತು ಎಫ್ ಒತ್ತಿ 'ಹೈನು' ಅಂದರೆ ಹೈನುಗಾರಿಕೆಯ ಪುಸ್ತಕಗಳು ಯಾವ ಬೀರು, ಯಾವ ಅಂಕಣ ಅಂತ ಬರುತ್ತದೆ. ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎಂಬುದು. ಸರ್ಟಿಫಿಕೇಟ್ ಕೋರ್ಸಿನಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಕೈಗೆ ಸಿಕ್ಕಿದ್ದು ಈ ಪಟ್ಟಿ ತಿದ್ದುವಾಗ.

ಒಂದು ತಪ್ಪು ಮಾಡಿದ್ದೇನೆ, ಅದನ್ನು ಮುಚ್ಚಿಡಬಾರದು. ವಿದ್ಯಾರ್ಥಿವೇತನದ ಅರ್ಜಿ ಹಾಕುವ ಕಾಲ. ಒಬ್ಬ ಹುಡುಗಿಯ ಮನೆಯಲ್ಲಿ ಇದ್ದದ್ದು ಒಂದೇ ಫೋನು, ಅದು ಅಪ್ಪನ ಜೊತೆ ಬೆಂಗಳೂರಿನಲ್ಲಿ. ಕೊನೆಯ ದಿನ ಹತ್ತಿರ ಬಂದಿತ್ತು. ಖಾತೆ ತೆರೆಯುವಾಗ ನನ್ನ ನಂಬರ್ ಕೊಟ್ಟುಬಿಟ್ಟೆ, ಓಟಿಪಿ ನನಗೇ ಬಂತು, ಕೆಲಸ ಆಯಿತು. ಸಹಾಯ ಮಾಡಿದೆ ಅಂತ ಸಮಾಧಾನವಾಗಿದ್ದೆ. ತಿಂಗಳುಗಳ ನಂತರ ಅರ್ಜಿಯಲ್ಲಿ ಏನೋ ತಿದ್ದಲು ಅವಳು ಕಾಲೇಜಿನ ಬಳಿಯ ಅಂಗಡಿಯಲ್ಲಿ ಕೂತಾಗ ಓಟಿಪಿ ಬಂದದ್ದು ನನ್ನ ಫೋನಿಗೆ, ನಾನಾಗ ಸಿಗ್ನಲ್ ಸಿಗದ ಕಡೆ ಒಂದು ಮದುವೆಯಲ್ಲಿ. ಅವಳಿಗೆ ಒಂದು ದಿನದ ತರಗತಿ, ಹೋಗಿಬರುವ ಬಸ್ ಚಾರ್ಜು ಎರಡೂ ದಂಡವಾಯಿತು. ಅವಳು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ನೋವಾದದ್ದು. ಈಗ ಯಾರದೇ ಅರ್ಜಿಯಾಗಲಿ, ಅವರದೇ ಮನೆಯ ನಂಬರ್ ಇಲ್ಲದೆ ಶುರು ಮಾಡುವುದಿಲ್ಲ. ಫೋನು ಊರಲ್ಲಿಲ್ಲದಿದ್ದರೆ ಅಪ್ಪನಿಗೆ ಕರೆ ಮಾಡಿ ಲೈನಿನಲ್ಲೇ ಇಟ್ಟುಕೊಂಡು ಓಟಿಪಿ ಕೇಳುತ್ತೇವೆ, ಮಗಳು ಕೇಳಬೇಕು, ನಾನಲ್ಲ. ಪಾಸ್‌ವರ್ಡ್ ಅವರ ಪುಸ್ತಕದಲ್ಲಿ ಅವರ ಕೈಯಲ್ಲೇ ಬರೆಸುತ್ತೇನೆ. ಎದ್ದು ಹೋಗುವ ಮುಂಚೆ ಲಾಗ್‌ಔಟ್ ಆಗಿದೆಯಾ ಅಂತ ನಾನು ನೋಡುವುದಿಲ್ಲ, ಅವರೇ ನೋಡಿ ನನಗೆ ಹೇಳಬೇಕು.

ಮೌಸ್ ವಿಷಯವೂ ಇದೇ. ನಾನೇ ಮಾಡಿದರೆ ಐದು ನಿಮಿಷ, ಅವರು ಮಾಡಿದರೆ ಅರ್ಧ ಗಂಟೆ. ಕಾಯುವವರು ಇಲ್ಲದಾಗ ಆ ಅರ್ಧ ಗಂಟೆ ಕೊಡುತ್ತೇನೆ.

ಪಿಡಿಎಫ್ ಕೇಳಿ ಬರುವವರು ಬಹಳ. ಡಿವಿಜಿ ಮುಳಬಾಗಿಲಿನವರು, ಮಾಸ್ತಿ ಮಾಲೂರು ತಾಲ್ಲೂಕಿನವರು. ನಮ್ಮ ಕಡೆಯವರ ಪುಸ್ತಕ ವಾಟ್ಸಾಪ್‌ಗೆ ಕಳಿಸಿ ಅಂತ ಹುಡುಗರು ಪ್ರೀತಿಯಿಂದಲೇ ಕೇಳುತ್ತಾರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಡಿವಿಜಿ ತೀರಿಕೊಂಡದ್ದು 1975ರಲ್ಲಿ, ಮಾಸ್ತಿ 1986ರಲ್ಲಿ. ಲೆಕ್ಕವನ್ನು ಅವರ ಕೈಯಲ್ಲೇ ಹಾಕಿಸುತ್ತೇನೆ, 2035 ಮತ್ತು 2046 ಕಳೆಯಬೇಕು. ಅಲ್ಲಿಯವರೆಗೆ ಅಚ್ಚಾದ ಪ್ರತಿ ಬೀರುವಿನಲ್ಲಿದೆ, ತಗೊಂಡು ಓದಿ ಅನ್ನುತ್ತೇನೆ. ಪರದೆಯಲ್ಲೇ ಓದಬೇಕು ಅನ್ನುವವರಿಗೆ 2020ರಲ್ಲಿ ಶುರುವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಉಚಿತವಾಗಿ ನೋಂದಣಿ ಮಾಡಿಸಿಕೊಡುತ್ತೇನೆ. ಹಕ್ಕುಸ್ವಾಮ್ಯ ಮುಗಿದವುಗಳಿಗೆ ಕನ್ನಡ ವಿಕಿಸೋರ್ಸ್ ಇದೆ. ಎಲ್ಲಿಂದಲೋ ಬಂದ ಪಿಡಿಎಫ್ ಮುಂದಕ್ಕೆ ಕಳಿಸುವುದು ಗ್ರಂಥಾಲಯದವರು ಮಾಡುವ ಕೆಲಸವಲ್ಲ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಮೇಷ್ಟ್ರು ಈಗಲೂ ವಾರಕ್ಕೆರಡು ಸಲ ಬರುತ್ತಾರೆ. ಶಾಸನದ ಪುಟವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಟ್ಟಿದ್ದೆ, ಅದನ್ನು ಲ್ಯಾಮಿನೇಷನ್ ಮಾಡಿಸಿ ಶಾಲೆಗೆ ಕೊಟ್ಟಿದ್ದಾರೆ. ಹೋದ ತಿಂಗಳು ಜಾಲಿ ಕಡಿಯುವಾಗ ಕೋಡಿಯ ಹತ್ತಿರ ಇನ್ನೊಂದು ಕಲ್ಲು ಸಿಕ್ಕಿದೆ. ಹತ್ತನೇ ಸಂಪುಟದಲ್ಲಿ ಅದು ಕಾಣುತ್ತಿಲ್ಲ. ಹಗಲಲ್ಲಿ ತೆಗೆದ ಫೋಟೋದಲ್ಲಿ ಅಕ್ಷರವೇ ಮೂಡಲಿಲ್ಲ, ಸವೆದಿದೆ. ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟರೆ ಗೀರುಗಳಲ್ಲಿ ನೆರಳು ನಿಂತು ಅಕ್ಷರ ಕಾಣುತ್ತದೆ ಅಂತ ಎಲ್ಲೋ ಓದಿದ್ದೇನೆ. ಈ ಭಾನುವಾರ ಏಳು ಗಂಟೆಗೆ ಮೇಷ್ಟ್ರು, ಅವರ ಮೊಮ್ಮಗ, ನಾನು ಹೋಗುವವರಿದ್ದೇವೆ. ಟಾರ್ಚ್ ಮೊಮ್ಮಗ ತರುತ್ತಾನೆ.