ಸ್ಟೀಲ್ ಬಾಗಿಲಿಗೆ ನಾನು ಅಳತೆ ತೆಗೆದದ್ದು ಹೀಗೆ

ಮರದ ಬಾಗಿಲಾದರೆ ಎರಡು ಮಿ.ಮೀ. ಜಾಸ್ತಿ ಬಂದರೂ ಬಡಗಿ ಉಜ್ಜುಗೊರಡು ಹಿಡಿದು ಸರಿ ಮಾಡಿಬಿಡುತ್ತಾರೆ. ಸ್ಟೀಲಿನಲ್ಲಿ ಅದು ನಡೆಯುವುದಿಲ್ಲ. ತಗಡು ಮಡಚಿ, ಒಳಗೆ ಬಲಕ್ಕೆ ಪಟ್ಟಿ ಕೊಟ್ಟು, ವೆಲ್ಡ್ ಮಾಡಿ, ಬಣ್ಣ ಹೊಡೆದು ಬಂದ ಮೇಲೆ ಅಂಚು ಕತ್ತರಿಸಿದರೆ ಬಣ್ಣವೂ ಹೋಯಿತು, ಸತುವಿನ ಲೇಪವೂ ಹೋಯಿತು. ತುಕ್ಕು ಅಲ್ಲಿಂದಲೇ ಶುರು. ಅದಕ್ಕೇ ಮನೆಯ ಹಿಂಬಾಗಿಲಿಗೆ ಸ್ಟೀಲ್ ಬಾಗಿಲು ಮಾಡಿಸುವಾಗ ಅಳತೆಯ ಕೆಲಸವನ್ನು ನಾನೇ ನಿಧಾನವಾಗಿ ಮಾಡಿದೆ. ಬಾಗಿಲು ಮಾಡುವವರೂ ಬಂದು ಅಳೆಯುತ್ತಾರೆ, ಅಳೆಯಲೇಬೇಕು. ಆದರೆ ನಮ್ಮ ಗೋಡೆ ಹೇಗಿದೆ ಅಂತ ನಮಗೂ ಗೊತ್ತಿರಬೇಕು ಅಲ್ವಾ?

ಹಳೆಯ ಬಾಗಿಲಿನ ಅಳತೆ ತೆಗೆದುಕೊಂಡು ಹೋಗಿ ಕೊಟ್ಟರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾಲದು. ಹಳೆಯ ಫ್ರೇಮಿನ ಸುತ್ತ ಬಡಿದಿರುವ ಅಂಚುಪಟ್ಟಿಯ ಹಿಂದೆ ಎಷ್ಟು ಜಾಗ ಇದೆ, ಅದರಲ್ಲಿ ಎಷ್ಟು ಗಾರೆ ತುಂಬಿದ್ದಾರೆ ಅನ್ನುವುದು ಹೊರಗಿನಿಂದ ಕಾಣುವುದಿಲ್ಲ. ನಾನು ಮೊದಲು ಆ ಪಟ್ಟಿಗಳನ್ನು ಬಿಚ್ಚಿದೆ. ಆಮೇಲೆ ಎರಡೂ ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ಮೇಲಿಂದ ಕೆಳಗಿನವರೆಗೆ ತಟ್ಟುತ್ತಾ ಬಂದೆ. ಗಟ್ಟಿ ಇದ್ದಲ್ಲಿ ಶಬ್ದ ಗಡುಸು, ಗಾರೆ ಬಿಟ್ಟುಕೊಂಡಿದ್ದಲ್ಲಿ ಪೊಳ್ಳು. ಪೊಳ್ಳಾಗಿದ್ದ ಗಾರೆಯನ್ನು ಉದುರಿಸಿ, ಮತ್ತೆ ಮೆತ್ತಿಸಿ, ಒಣಗಿದ ಮೇಲೆಯೇ ಟೇಪ್ ಹಿಡಿದೆ. ನಾಳೆ ಉದುರುವ ಗಾರೆಯ ಮೇಲೆ ಇವತ್ತು ಅಳತೆ ತೆಗೆದು ಏನು ಪ್ರಯೋಜನ?

ಟೇಪಿನ ಬಗ್ಗೆ ಒಂದು ಮಾತು. ಅದರ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಅದು ಹಾಳಾಗಿರುವುದಲ್ಲ, ಹಾಗೆಯೇ ಮಾಡಿರುತ್ತಾರೆ. ತನ್ನ ದಪ್ಪದಷ್ಟೇ ಹಿಂದೆ ಮುಂದೆ ಸರಿಯುವುದರಿಂದ ಒಳಗೆ ಒತ್ತಿ ಅಳೆದರೂ, ಹೊರಗೆ ಸಿಕ್ಕಿಸಿ ಎಳೆದರೂ ಅಳತೆ ಸರಿಯಾಗಿ ಬರುತ್ತದೆ. ಕೊಕ್ಕೆ ಬಾಗಿದ್ದರೆ ಮಾತ್ರ ಆ ಟೇಪನ್ನು ಪಕ್ಕಕ್ಕಿಡಿ. ಇನ್ನೊಂದು ತೊಂದರೆ, ಗೋಡೆಯಿಂದ ಗೋಡೆಗೆ ಅಳೆಯುವಾಗ ಟೇಪ್ ಮೂಲೆಯಲ್ಲಿ ಬಾಗುತ್ತದೆ. ಬಾಗಿದ ಕಡೆ ಓದಿದ ಅಂಕಿ ಬರೀ ಅಂದಾಜು. ನಾನು ಎರಡು ನೇರ ಮರದ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಒಂದರ ತುದಿ ಎಡಗೋಡೆಗೆ, ಇನ್ನೊಂದರ ತುದಿ ಬಲಗೋಡೆಗೆ ತಾಗುವ ತನಕ ಜಾರಿಸಿದೆ. ಎರಡೂ ಸೇರುವಲ್ಲಿ ಕ್ಲ್ಯಾಂಪ್ ಬಿಗಿದು, ಹೊರಗೆ ತಂದು, ನೆಲದ ಮೇಲೆ ಮಲಗಿಸಿ ಒಟ್ಟು ಉದ್ದ ಅಳೆದೆ. ಹೀಗೆ ತೆಗೆದ ಅಳತೆಯಲ್ಲಿ ಒಂದು ಮಿ.ಮೀ. ಕೂಡ ಅನುಮಾನ ಉಳಿಯಲಿಲ್ಲ.

ಅಗಲವನ್ನು ಮೂರು ಕಡೆ ತೆಗೆಯಬೇಕು. ನನಗೆ ಮೇಲೆ 999, ಮಧ್ಯದಲ್ಲಿ 1000, ಕೆಳಗೆ 1001 ಮಿ.ಮೀ. ಬಂತು. ಮೂರರಲ್ಲಿ ಚಿಕ್ಕದನ್ನು ಹಿಡಿಯಬೇಕು ಅನ್ನುವುದು ಎಲ್ಲರೂ ಹೇಳುವ ಮಾತು. ಸರಿಯೇ, ಆದರೆ ಅಷ್ಟಕ್ಕೇ ನಿಲ್ಲಿಸಬಾರದು. ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದೇ ಇದನ್ನು.

ಎರಡೂ ಗೋಡೆ ಒಂದೇ ಕಡೆಗೆ ವಾಲಿದ್ದರೆ ಅಗಲ ಎಲ್ಲಿ ಅಳೆದರೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ಟೇಪಿಗೆ ವಾಲಿದ್ದು ಗೊತ್ತೇ ಆಗುವುದಿಲ್ಲ. ಆದರೆ ಫ್ರೇಮ್ ವಾಲಿಕೊಂಡು ನಿಲ್ಲುವ ಹಾಗಿಲ್ಲ. ವಾಲಿದರೆ ಕದ ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ, ಇಲ್ಲವೇ ಮುಚ್ಚಿಕೊಳ್ಳುತ್ತದೆ, ಬೀಗದ ನಾಲಿಗೆ ತೂತಿಗೆ ಕೂರುವುದಿಲ್ಲ. ಹಾಗಾಗಿ ಲಿಂಟಲಿನ (ಬಾಗಿಲ ಜಾಗದ ಮೇಲಿನ ಅಡ್ಡತೊಲೆ) ಕೆಳಗೆ ಒಂದು ಮೊಳೆ ಹೊಡೆದು, ತೂಗುಗುಂಡು ಕಟ್ಟಿ, ದಾರ ಎಡಗೋಡೆಯ ಪಕ್ಕಕ್ಕೆ ಇಳಿಯುವ ಹಾಗೆ ಬಿಟ್ಟೆ. ಗಾಳಿಗೆ ಗುಂಡು ತೂಗಾಡುತ್ತಿತ್ತು. ಒಂದು ಬಕೆಟ್ ನೀರಿನಲ್ಲಿ ಅದನ್ನು ಮುಳುಗಿಸಿದೆ, ಕ್ಷಣದಲ್ಲಿ ನಿಂತಿತು. ಆಮೇಲೆ ದಾರದಿಂದ ಗೋಡೆಗೆ ಎಷ್ಟು ದೂರ ಅಂತ ಮೇಲಿಂದ ಕೆಳಗಿನವರೆಗೆ ಅಳೆದುಕೊಂಡೆ. ಎಡಗೋಡೆ ಕೆಳಗಿಗಿಂತ ಮೇಲೆ 6 ಮಿ.ಮೀ. ಓಪನಿಂಗ್ ಒಳಕ್ಕೆ, ಅಂದರೆ ಬಾಗಿಲಿಗೆ ಗೋಡೆಯಲ್ಲಿ ಬಿಟ್ಟ ಜಾಗದೊಳಕ್ಕೆ, ಬಂದಿತ್ತು. ಬಲಗೋಡೆ ಮೇಲೆ 4 ಮಿ.ಮೀ. ಹೊರಕ್ಕೆ ಸರಿದಿತ್ತು. ಅಂದರೆ ಎರಡೂ ಬಲಕ್ಕೆ ವಾಲಿದ್ದವು.

ಈಗ ಲೆಕ್ಕ ನೋಡಿ. ನೇರವಾಗಿ ನಿಲ್ಲುವ ಫ್ರೇಮಿಗೆ ಎಡಗಡೆ ಅಡ್ಡ ಬರುವುದು ಮೇಲಿನ ಮೂಲೆ, ಬಲಗಡೆ ಅಡ್ಡ ಬರುವುದು ಕೆಳಗಿನ ಮೂಲೆ. ಈ ಎರಡರ ನಡುವೆ ಸಿಗುವ ಜಾಗ 1001ರಲ್ಲಿ 6 ಕಳೆದರೆ 995. ಟೇಪ್ ತೋರಿಸಿದ ಚಿಕ್ಕ ಅಗಲ 999, ನಿಜವಾಗಿ ಸಿಗುವುದು 995. ಈ 4 ಮಿ.ಮೀ. ಅಗಲದ ಅಳತೆಯಲ್ಲಿ ಎಲ್ಲೂ ಕಾಣಲಿಲ್ಲ. ಖಾತ್ರಿ ಮಾಡಿಕೊಳ್ಳಲು ಮೂಲೆಯಿಂದ ಮೂಲೆಗೆ ಕರ್ಣವನ್ನೂ ಅಳೆದೆ. ಒಂದು 2328, ಇನ್ನೊಂದು 2324. ಕರ್ಣ ಎರಡೂ ಸಮ ಇಲ್ಲ ಅಂದರೆ ಓಪನಿಂಗ್ ಸೊಟ್ಟ ಇದೆ ಅಂತ ಗೊತ್ತಾಗುತ್ತದೆ. ಆದರೆ ಯಾವ ಗೋಡೆ, ಎಷ್ಟು, ಎತ್ತ ಅನ್ನುವುದನ್ನು ಹೇಳುವುದು ತೂಗುಗುಂಡೇ.

ಗೋಡೆಯ ಮುಖ ತಿರುಚಿಕೊಂಡಿದೆಯಾ ಅಂತಲೂ ನೋಡಿದೆ. ಓಪನಿಂಗಿನ ನಾಲ್ಕು ಮೂಲೆಗೆ ಗೋಡೆಯ ಮೇಲೆ ಮೊಳೆ ಹೊಡೆದು, ಎರಡು ದಾರಗಳನ್ನು ಅಡ್ಡಡ್ಡ ಬಿಗಿಯಾಗಿ ಎಳೆದು ಕಟ್ಟಿದೆ. ಎಲ್ಲ ಮೊಳೆಯಲ್ಲೂ ದಾರ ಗೋಡೆಯಿಂದ ಒಂದೇ ದೂರದಲ್ಲಿರಬೇಕು. ನಡುವೆ ಎರಡೂ ದಾರ ಸುಮ್ನೆ ಮುಟ್ಟಿಕೊಂಡರೆ ಗೋಡೆ ಚಪ್ಪಟೆ ಇದೆ. ನಡುವೆ 3 ಮಿ.ಮೀ. ಸಂದು ಕಂಡರೆ ಒಂದು ಮೂಲೆ ಅದರ ಎರಡರಷ್ಟು, ಅಂದರೆ 6 ಮಿ.ಮೀ. ಹೊರಗಿದೆ ಅಂತ ಅರ್ಥ. ಒಂದು ದಾರ ಇನ್ನೊಂದನ್ನು ಒತ್ತುತ್ತಿದ್ದರೆ ಸಂದು ಕಾಣುವುದಿಲ್ಲ, ಆದ್ದರಿಂದ ಮೇಲಿನದನ್ನು ಕೆಳಗೆ ಮಾಡಿ ಮತ್ತೊಮ್ಮೆ ನೋಡಬೇಕು. ನನ್ನ ಗೋಡೆ ಈ ವಿಷಯದಲ್ಲಿ ಸರಿಯಾಗಿತ್ತು.

ಎತ್ತರಕ್ಕೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಯಾವ ನೆಲದಿಂದ? ನಮ್ಮಲ್ಲಿ ಟೈಲ್ಸ್ ಹಾಕುವುದು ಇನ್ನೂ ಬಾಕಿ ಇತ್ತು. ಟೈಲ್ಸ್ 10 ಮಿ.ಮೀ., ಅದರ ಕೆಳಗಿನ ಗಾರೆ 30 ಮಿ.ಮೀ., ಒಟ್ಟು 40. ಹಾಗಾಗಿ ಈಗಿನ ನೆಲದಿಂದ ಲಿಂಟಲಿಗೆ ಸಿಕ್ಕ 2100ರಲ್ಲಿ ಉಳಿಯುವುದು 2060. ಇದನ್ನು ಸುಮ್ಮನೆ ಕಳೆದು ಬಿಡಲಿಲ್ಲ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಎರಡೂ ಪಕ್ಕದ ಗೋಡೆಗೆ ಒಂದೇ ಮಟ್ಟದ ಗೆರೆ ಹಾಕಿಕೊಂಡೆ. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಮಟ್ಟ ತಪ್ಪುತ್ತದೆ, ಅದನ್ನು ಮೊದಲು ನೋಡಿಕೊಳ್ಳಬೇಕು. ಆ ಗೆರೆಯಿಂದ ಮೇಲೆ ಲಿಂಟಲಿಗೆ, ಕೆಳಗೆ ನೆಲಕ್ಕೆ ಬೇರೆ ಬೇರೆಯಾಗಿ ಅಳೆದೆ. ಆಗ ಲಿಂಟಲ್ ಇಳಿದಿದೆಯಾ, ನೆಲ ಎದ್ದಿದೆಯಾ ಅನ್ನುವುದು ಬೇರೆ ಬೇರೆಯಾಗಿ ತಿಳಿಯುತ್ತದೆ. ಕದ ಒಳಕ್ಕೆ ತೆರೆಯುವುದಾದರೆ ಅದು ತಿರುಗುವ ಜಾಗದಲ್ಲೆಲ್ಲಾ ನೆಲದ ಮಟ್ಟ ನೋಡಬೇಕು. ಹೊಸ್ತಿಲ ಹತ್ತಿರ ಸರಿ ಇದ್ದು, ಅರ್ಧ ತೆರೆದಾಗ ನೆಲಕ್ಕೆ ಉಜ್ಜುವ ಬಾಗಿಲುಗಳು ಎಷ್ಟೋ ಇವೆ. ಟೈಲ್ಸ್ ಹಾಕುವವರಿಗೂ ಅದೇ ಗೆರೆಯನ್ನು ತೋರಿಸಿ, ನೆಲ ಇದರಿಂದ ಇಷ್ಟು ಕೆಳಗೆ ಬರಬೇಕು ಅಂತ ಗೋಡೆಯ ಮೇಲೇ ಬರೆದೆ.

ಗೋಡೆಯ ದಪ್ಪವನ್ನು ಗಾರೆ ಸೇರಿಸಿಯೇ ಕೊಡಬೇಕು, ಮೇಲೆ ಕೆಳಗೆ ಎರಡೂ ಕಡೆ ಅಳೆದು. ಪಕ್ಕದಲ್ಲಿ ಸ್ವಿಚ್‌ಬೋರ್ಡ್ ಇದ್ದರೆ ಅದರ ಪೈಪ್ ಎಲ್ಲಿ ಹೋಗಿದೆ ಅಂತಲೂ ಗುರುತು ಹಾಕಿ. ಫ್ರೇಮನ್ನು ಗೋಡೆಗೆ ಬಿಗಿಯುವ ಆಂಕರ್ ಬೋಲ್ಟಿಗೆ ತೂತು ಕೊರೆಯುವುದು ಅಲ್ಲೇ.

ಭಾರವನ್ನೂ ಮರೆಯುವಂತಿಲ್ಲ. 1 ಮಿ.ಮೀ. ದಪ್ಪದ ಸ್ಟೀಲ್ ತಗಡು ಒಂದು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. 900 ಅಗಲ, 2100 ಎತ್ತರದ ಕದಕ್ಕೆ ಎರಡು ಮುಖದ ತಗಡೇ ಸುಮಾರು 30 ಕೆ.ಜಿ. ಒಳಗಿನ ಪಟ್ಟಿ, ಬೀಗ, ತುಂಬಿಸಿದ್ದು ಎಲ್ಲ ಬೇರೆ. ಅದೆಲ್ಲ ಕೀಲುಗಳಿರುವ ಬದಿಯ ಗೋಡೆಯ ಮೇಲೆ ಜೋತು ಬೀಳುತ್ತದೆ. ಆ ಬದಿ ಪೊಳ್ಳು ಬ್ಲಾಕ್ ಆಗಿದ್ದರೆ ಬಾಗಿಲು ಮಾಡುವವರಿಗೆ ಮೊದಲೇ ಹೇಳಬೇಕು, ಏಕೆಂದರೆ ಬೋಲ್ಟಿನ ಬಗೆಯೇ ಬದಲಾಗುತ್ತದೆ.

ಇನ್ನು ಕಳೆಯುವ ಲೆಕ್ಕ. ಫ್ರೇಮ್ ಗೋಡೆಗೆ ಅಂಟಿಕೊಂಡು ಬರಬಾರದು, ಪ್ರತಿ ಪಕ್ಕ 10 ಮಿ.ಮೀ.ನಷ್ಟು ಸಂದು ಬೇಕು. ನಾನು ಕಳೆದು ಕೊಟ್ಟು, ಬಾಗಿಲು ಮಾಡುವವರೂ ಕಳೆದರೆ ಎರಡು ಪಟ್ಟು ಸಂದು ಬೀಳುತ್ತದೆ. ಇಬ್ಬರೂ ಕಳೆಯದಿದ್ದರೆ ಫ್ರೇಮ್ ಒಳಗೆ ಹೋಗುವುದೇ ಇಲ್ಲ. ಅವರು ನನ್ನ ಚೀಟಿ ನೋಡಿ ಮೊದಲು ಕೇಳಿದ್ದು ಅದನ್ನೇ: “ಇದು ಓಪನಿಂಗ್ ಅಳತೆನಾ, ಫ್ರೇಮಿನ ಅಳತೆನಾ ಸರ್?” ಒಳ್ಳೆಯ ಕೆಲಸಗಾರರ ಗುರುತು ಅದು. ನಾನು ಏನನ್ನೂ ಕಳೆಯದೆ, “ಓಪನಿಂಗ್, ಗುಂಡು ಬಿಟ್ಟು ನೋಡಿದ ಅಗಲ 995, ಟೈಲ್ಸ್ ಆದ ಮೇಲಿನ ಎತ್ತರ 2060” ಅಂತ ಬರೆದಿದ್ದೆ. ಅವರು ಫ್ರೇಮಿನ ಹೊರ ಅಗಲ 975 ಅಂತ ಅದರ ಕೆಳಗೆ ಬರೆದರು. ಫ್ರೇಮಿನ ಪಟ್ಟಿ ಪ್ರತಿ ಪಕ್ಕ 50 ತಿಂದರೆ ಓಡಾಡಲು ಉಳಿಯುವುದು 875. ಆ ಅಗಲದಲ್ಲಿ ಮನೆಯ ಫ್ರಿಜ್ ದಾಟುತ್ತದಾ ಅಂತ ಅದನ್ನೂ ಅಳೆದು ನೋಡಿದ ಮೇಲೆಯೇ ಒಪ್ಪಿದೆ.

ಎಡ, ಬಲ ಅನ್ನುವುದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಮೇಲಿಂದ ನೋಡಿದ ಹಾಗೆ ಗೋಡೆ ಬರೆದು, ಹೊರಗೆ ಯಾವುದು, ಒಳಗೆ ಯಾವುದು, ಕೀಲು ಎಲ್ಲಿ, ಕದ ಎತ್ತ ತಿರುಗುತ್ತದೆ ಅಂತ ಗೆರೆ ಎಳೆದು ತೋರಿಸಿ. ಎಲ್ಲ ಅಂಕಿಯೂ ಮಿ.ಮೀ.ನಲ್ಲೇ ಇರಲಿ. 3 ಅಡಿ ಅಂದರೆ 914 ಮಿ.ಮೀ., ಅದನ್ನು ಯಾರಾದರೂ ಸುಲಭಕ್ಕೆ 900 ಅಂತ ಮಾಡಿಕೊಂಡರೆ 14 ಮಿ.ಮೀ. ಅಲ್ಲೇ ಹೋಯಿತು.

ಫ್ರೇಮ್ ಬಂದ ದಿನ ಕೆಳಗಿನ ತಾತ್ಕಾಲಿಕ ಅಡ್ಡಪಟ್ಟಿಯನ್ನು ಕತ್ತರಿಸುವ ಮೊದಲೇ ಅದರ ಕರ್ಣಗಳನ್ನು ಅಳೆದೆವು, ಎರಡೂ ಸಮ ಇದ್ದವು. ನೇರ ನಿಲ್ಲಿಸಿದಾಗ ಎಡಗಡೆ ಮೇಲೆ 10, ಕೆಳಗೆ 16 ಮಿ.ಮೀ. ಸಂದು ಬಂತು. ಬಲಗಡೆ ಮೇಲೆ 14, ಕೆಳಗೆ 10. ಗುಂಡು ಹೇಳಿದ್ದೂ ಇದನ್ನೇ. ಪ್ರತಿ ಬೋಲ್ಟಿನ ಹತ್ತಿರ ಸಂದಿನಷ್ಟೇ ದಪ್ಪದ ಪಟ್ಟಿ ತುರುಕಿ, ಬಿಗಿದಾಗ ಫ್ರೇಮ್ ಗೋಡೆಯ ಕಡೆಗೆ ಬಾಗದ ಹಾಗೆ ನೋಡಿಕೊಂಡು, ಆಮೇಲೆ ಗಾರೆ ತುಂಬಿದರು.