ದುಡ್ಡು ಬಂದ ವರ್ಷ ನಮ್ಮ ಮನೇಲಿ ಲೆಕ್ಕ ನಿಂತುಹೋಯಿತು

2023ರ ಜುಲೈ ಕೊನೆ ವಾರ. ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ನಮ್ಮ ಟೊಮೆಟೊ 15 ಕೆಜಿಯ ಒಂದು ಬಾಕ್ಸ್ 2,150 ರೂಪಾಯಿಗೆ ಹೋಯಿತು. ಬೆಳಿಗ್ಗೆ ಮಂಡಿಯಿಂದ ನಮ್ಮ ಮನೆಯವರು ಫೋನ್ ಮಾಡಿ ರೇಟು ಹೇಳಿದಾಗ ನಾನು ಎರಡು ಸಲ ಕೇಳಿದೆ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮೂರಲ್ಲೇ ಒಬ್ಬರು, ಬಿಡಿಸಿದ ಕೂಲಿಯೂ ಹುಟ್ಟೋದಿಲ್ಲ ಅಂತ ಹಣ್ಣನ್ನು ಗಿಡದಲ್ಲೇ ಬಿಟ್ಟಿದ್ದರು. ಎರಡೇ ತಿಂಗಳಲ್ಲಿ ಇಷ್ಟು ಬದಲಾಗುತ್ತೆ ಅಂದರೆ ನಂಬೋದು ಹೇಗೆ?

ನಮ್ಮದು ಮುಳಬಾಗಿಲು ತಾಲ್ಲೂಕು. ನಾಲ್ಕು ಎಕರೆ ಜಮೀನು, 1,300 ಅಡಿಯ ಒಂದು ಬೋರ್‌ವೆಲ್. ಏಪ್ರಿಲ್‌ನಲ್ಲಿ ಎರಡು ಎಕರೆಗೆ ಟೊಮೆಟೊ ಇಟ್ಟಿದ್ದೆವು. ಆ ವರ್ಷ ಎಲೆ ಮುದುಡುವ ವೈರಸ್ ಸುತ್ತಮುತ್ತ ಎಷ್ಟೋ ಹೊಲಗಳನ್ನು ಹಾಳು ಮಾಡಿತು. ಹಿಂದೆ ರೇಟಿಲ್ಲದೆ ಸೋತವರು ಬೇರೆ ಬೆಳೆಗೆ ಹೋಗಿದ್ದರು. ಜುಲೈನಲ್ಲಿ ಹಿಮಾಚಲದ ಕಡೆ ಪ್ರವಾಹ ಬಂದು ಅಲ್ಲಿನ ಮಾಲೂ ನಿಂತಿತು. ಹಾಗಾಗಿ ಯಾರ ತೋಟ ಉಳಿದಿತ್ತೋ ಅವರಿಗೆ ಬೆಲೆ ಸಿಕ್ಕಿತು. ನಮ್ಮದು ಮುಕ್ಕಾಲು ಪಾಲು ಉಳಿದಿತ್ತು. ನಾವು ಬೇರೆಯವರಿಗಿಂತ ಜಾಸ್ತಿ ಜಾಣರು ಅಂತ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಆಮೇಲೆ ಕೆಟ್ಟಿದ್ದೆಲ್ಲ ಇದನ್ನು ಮರೆತದ್ದರಿಂದಲೇ ಶುರುವಾಯಿತು.

ಆ ಬೆಳೆಯ ಪಟ್ಟಿಗಳು, ಅಂದರೆ ಮಂಡಿಯವರು ಮಾರಾಟದ ಲೆಕ್ಕ ಬರೆದು ಕೊಡುವ ಚೀಟಿಗಳು, ಎಲ್ಲ ಇನ್ನೂ ನನ್ನ ಹತ್ತಿರ ಇವೆ. ಒಟ್ಟು 21,36,400 ರೂಪಾಯಿ. ಅದರಲ್ಲಿ ಮಂಡಿಯವರಿಂದ ಬೆಳೆಗೆ ಮೊದಲೇ ತಂದಿದ್ದ ಅಡ್ವಾನ್ಸ್ ಮೂರು ಲಕ್ಷ, ಗೊಬ್ಬರ ಔಷಧಿ ಅಂಗಡಿಯ ಬಾಕಿ 2,10,000, ನನ್ನ ಸರದ ಗಿರವಿ ಬಡ್ಡಿ ಸೇರಿ 1,74,000, ನಮ್ಮ ಸ್ತ್ರೀಶಕ್ತಿ ಸಂಘದ ಸಾಲ 50,000. ಎಲ್ಲ ತೀರಿಸಿ ಕೈಯಲ್ಲಿ ಉಳಿದದ್ದು ಹದಿನಾಲ್ಕು ಲಕ್ಷದ ಮೇಲೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ನಾವು ಒಟ್ಟಿಗೆ ಎರಡು ಲಕ್ಷ ನೋಡಿದ್ದು ಸಾಲ ತಂದ ದಿನ ಮಾತ್ರ.

ಸಾಲ ಇದ್ದ ಕಾಲದಲ್ಲಿ ನಮ್ಮದೊಂದು ಅಭ್ಯಾಸ ಇತ್ತು. ರಾತ್ರಿ ಊಟ ಆದ ಮೇಲೆ ಇಬ್ಬರೂ ನಡುಮನೆಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆವು. ಯಾರಿಗೆ ಎಷ್ಟು ಕೊಡಬೇಕು, ಯಾವುದನ್ನು ಮುಂದೆ ಹಾಕಬಹುದು, ಕೂಲಿಗೆ ಎಷ್ಟು ಎತ್ತಿಡಬೇಕು. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಕಷ್ಟದ ಮಾತೇ ಆದರೂ ಅದು ನಮ್ಮಿಬ್ಬರ ಮಾತು. ದುಡ್ಡು ಬಂದ ಮೇಲೆ ಆ ಕೂರೋದೇ ನಿಂತುಹೋಯಿತು. ಕೊಡಬೇಕಾದವರೇ ಇಲ್ಲ ಅಂದ ಮೇಲೆ ಲೆಕ್ಕ ಯಾಕೆ ಅಂತ ಇಬ್ಬರಿಗೂ ಅನಿಸಿತ್ತು. ನಾನೂ ನೆನಪಿಸಲಿಲ್ಲ. ಅದು ನನ್ನ ತಪ್ಪು.

ಮೊದಲು ಬದಲಾದದ್ದು ಮಾತಿನ ಧಾಟಿ. ನಮ್ಮ ತೋಟಕ್ಕೆ ಹಣ್ಣು ಬಿಡಿಸೋಕೆ ಬರುವ ಹೆಂಗಸರು ಹೊಸಬರಲ್ಲ. ನಾನೂ ಅವರ ಹೊಲಗಳಿಗೆ ಮುಯ್ಯಿ ಆಳಾಗಿ, ಅಂದರೆ ಕೆಲಸಕ್ಕೆ ಬದಲು ಕೆಲಸ ಅಂತ, ಹೋದವಳು. ಜುಲೈನಲ್ಲಿ ಅವರು ಕೂಲಿ ನೂರು ರೂಪಾಯಿ ಜಾಸ್ತಿ ಕೇಳಿದರು. ಪೇಪರಿನಲ್ಲಿ, ಟಿವಿಯಲ್ಲಿ ರೇಟು ಬರುತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ನಮ್ಮ ಮನೆಯವರು ಬದುವಿನ ಮೇಲೆ ನಿಂತು, "ಬೇಕಾದ್ರೆ ಬನ್ನಿ, ಇಲ್ಲಾಂದ್ರೆ ಬೇರೆಯವರನ್ನ ಕರೀತೀನಿ" ಅಂದುಬಿಟ್ಟರು. ಆ ಗುಂಪಿನಲ್ಲಿ ನನ್ನ ಬಾಣಂತನಕ್ಕೆ ಬಿಸಿನೀರು ಹುಯ್ದವರೂ ಇದ್ದರು. ನಾನು ತಲೆ ಎತ್ತಿ ನೋಡಲಿಲ್ಲ.

ಆಗ ಊರಿನಲ್ಲಿ ಭಯವೂ ಇತ್ತು. ಹಾಸನದ ಕಡೆ ತೋಟಕ್ಕೆ ನುಗ್ಗಿ ಟೊಮೆಟೊ ಕದ್ದ ಸುದ್ದಿ ಬಂತು. ಆಂಧ್ರದಲ್ಲಿ, ಮದನಪಲ್ಲಿ ಕಡೆ, ಒಬ್ಬ ಟೊಮೆಟೊ ರೈತರ ಕೊಲೆಯೇ ಆಯಿತು. ಮದನಪಲ್ಲಿ ನಮಗೆ ದೂರವಲ್ಲ. ಇವರು ರಾತ್ರಿಯೆಲ್ಲ ತೋಟದಲ್ಲೇ ಮಲಗುತ್ತಿದ್ದರು. ಯಾರನ್ನು ಕಂಡರೂ ಅನುಮಾನ. ನಮ್ಮ ಅತ್ತೆ ಯಾವಾಗಲೂ ತೋಟದಿಂದ ಬರುವಾಗ ಪಕ್ಕದ ಮನೆಗಳಿಗೆ ಮೊರದಲ್ಲಿ ಹಣ್ಣು ಕೊಟ್ಟೇ ಒಳಗೆ ಬರುತ್ತಿದ್ದರು. ಆ ತಿಂಗಳು ಇವರು, "ಅಮ್ಮಾ, ಮೊರಕ್ಕೆ ಐನೂರು ರೂಪಾಯಿ ಆಗುತ್ತೆ" ಅಂದರು. ಅತ್ತೆ ಏನೂ ಹೇಳಲಿಲ್ಲ. ಮೊರವನ್ನು ಗೋಡೆಗೆ ನೇತು ಹಾಕಿದರು. ಆ ತಿಂಗಳು ಅದನ್ನು ಮತ್ತೆ ಕೆಳಗೆ ಇಳಿಸಲಿಲ್ಲ.

ಅದೇ ತಿಂಗಳು ಗೃಹಲಕ್ಷ್ಮಿಗೆ ಹೆಸರು ಬರೆಸೋದು ಶುರುವಾಯಿತು. ನಾನು ರೇಷನ್ ಕಾರ್ಡು, ಆಧಾರ್ ಎತ್ತಿಟ್ಟುಕೊಂಡೆ. ಇವರಿಗೆ ಅವಮಾನ ಅನಿಸಿತು. "ಎರಡು ಸಾವಿರಕ್ಕೆ ಹೋಗಿ ಕ್ಯೂನಲ್ಲಿ ನಿಲ್ತೀಯಾ? ನನ್ನ ಮರ್ಯಾದೆ ಏನಾಗುತ್ತೆ?" ಅಂದರು. ನಾನು ಹೋದೆ. ಹದಿನಾಲ್ಕು ಲಕ್ಷ ಇವರ ಖಾತೆಯಲ್ಲಿತ್ತು. ನನ್ನ ಹೆಸರಿನಲ್ಲಿ ಬರುವ ದುಡ್ಡು ಅದೊಂದೇ ಆಗಿತ್ತು. ಅಷ್ಟು ದಿನ ಅದನ್ನು ನಾನು ಹಾಗೆ ಯೋಚಿಸಿಯೇ ಇರಲಿಲ್ಲ.

ದುಡ್ಡು ಹೋದ ದಾರಿ ನನಗೆ ಗೊತ್ತಾದದ್ದು ತುಂಡು ತುಂಡಾಗಿ. ಕಾರಿಗೆ ಮೂರೂವರೆ ಲಕ್ಷ ಕಟ್ಟಿ, ಮಿಕ್ಕಿದ್ದು ಸಾಲ. ಮೈದುನನಿಗೆ ಎರಡು ಲಕ್ಷ. ಊರ ದೇವಸ್ಥಾನಕ್ಕೆ ಐವತ್ತು ಸಾವಿರ. ಎಂಟನೇ ಕ್ಲಾಸಿನ ಮಗನಿಗೆ 38,000 ರೂಪಾಯಿಯ ಫೋನು. ಆಗ ತಾನೇ ಪಿಯುಸಿಗೆ ಸೇರಿದ್ದ ಮಗಳು ಲೆಕ್ಕದ ಟ್ಯೂಷನ್ ಕೇಳಿ ಎರಡು ವಾರ ಆಗಿತ್ತು. ಅವಳು ಏನೂ ಅನ್ನಲಿಲ್ಲ, ತಮ್ಮನ ಫೋನಿನ ಡಬ್ಬಿಯನ್ನು ನೋಡಿ ಒಳಗೆ ಹೋದಳು. ಇವು ನನಗೆ ಕಂಡವು. ಕಾಣದ್ದು ಎರಡಿದ್ದವು. ಪರಿಚಯದ ಒಬ್ಬರ ಮಾತು ನಂಬಿ ಸೈಟಿಗೆ ನಾಲ್ಕು ಲಕ್ಷ ಮುಂಗಡ ಕೊಟ್ಟಿದ್ದರು. ಒಂದು ಕರಾರು ಪತ್ರವೂ ಇಲ್ಲ. ಇನ್ನೊಂದು, ನಮ್ಮ ನಾಲ್ಕೂ ಎಕರೆ ಜೊತೆಗೆ ಗುತ್ತಿಗೆಗೆ ಎರಡು ಎಕರೆ ಹಿಡಿದು ಮತ್ತೆ ಟೊಮೆಟೊ ನಾಟಿಗೆ ಸಸಿ ಹೇಳಿಬಿಟ್ಟಿದ್ದರು.

ಟೊಮೆಟೊ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿ ಮಾಡಿ ಎರಡು ತಿಂಗಳ ಮೇಲೆ ಹಣ್ಣು ಬರುತ್ತೆ. ಜುಲೈನ ರೇಟು ನೋಡಿ ನಾಟಿ ಮಾಡಿದವರೆಲ್ಲರ ಹಣ್ಣು ಒಟ್ಟಿಗೆ ಮಂಡಿಗೆ ಬರುತ್ತೆ. ಆಗಸ್ಟ್ ಕೊನೆಗೇ ರೇಟು ಇಳಿಯಿತು. ಅಕ್ಟೋಬರ್‌ನಲ್ಲಿ ನಮಗೆ ಬಂದ ಒಂದು ಪಟ್ಟಿಯಲ್ಲಿ ಬಾಕ್ಸ್‌ಗೆ 110 ರೂಪಾಯಿ. ಉಳಿದಿದ್ದ ದುಡ್ಡು ಕಡ್ಡಿ, ದಾರ, ಮಲ್ಚಿಂಗ್ ಶೀಟು, ಔಷಧಿಗೆ ಆಗಲೇ ಮುಗಿದಿತ್ತು. ಮಂಡಿಯಲ್ಲಿ ಮತ್ತೆ ಎರಡು ಲಕ್ಷ ಅಡ್ವಾನ್ಸ್ ತಂದಿದ್ದರು. ಅದೂ ನನಗೆ ಹೇಳಿರಲಿಲ್ಲ.

ಆಯುಧಪೂಜೆಯ ಮಾರನೇ ದಿನ ಇವರು ನನ್ನ ಸರ ಕೇಳಿದರು. ಮೂರು ತಿಂಗಳ ಹಿಂದೆ ಬಿಡಿಸಿಕೊಂಡು ಬಂದ ಸರ. ನಾನು ಕೊಡೋದಿಲ್ಲ ಅಂದೆ. ದೊಡ್ಡ ಮಾತುಗಳು ಆದವು. "ನಾನು ದುಡಿದದ್ದು, ನಾನು ಕಳೆದದ್ದು, ನಿನಗೇನು?" ಅಂದರು. ಆ ತೋಟಕ್ಕೆ ದಾರ ಕಟ್ಟಿದ ಗಾಯ ನನ್ನ ಬೆರಳಿನಲ್ಲಿ ಇನ್ನೂ ಆರಿರಲಿಲ್ಲ. ಮಕ್ಕಳನ್ನು ಅತ್ತೆ ಹತ್ತಿರ ಬಿಟ್ಟು ಶ್ರೀನಿವಾಸಪುರದ ತವರಿಗೆ ಹೋದೆ. ಹನ್ನೊಂದು ದಿನ ಇದ್ದೆ.

ಆ ದಿನಗಳ ಬಗ್ಗೆ ಬರೆಯೋಕೆ ಜಾಸ್ತಿ ಇಲ್ಲ. ತವರಿನಲ್ಲಿ ಎಲ್ಲರೂ ನನ್ನ ಪರವಾಗಿ ಮಾತಾಡಿದರು. ಅದರಿಂದ ನನಗೆ ಸಮಾಧಾನ ಆಗಲಿಲ್ಲ. ಇವರು ಕುಡಿಯೋರಲ್ಲ, ಕೈ ಮಾಡಿದವರಲ್ಲ. ಕಷ್ಟದಲ್ಲಿ ನನ್ನ ಕೇಳದೆ ಒಂದು ಚೀಲ ಗೊಬ್ಬರ ತಂದವರಲ್ಲ. ಅಂಥವರು ಮೂರು ತಿಂಗಳಲ್ಲಿ ಹೀಗೆ ಯಾಕಾದರು? ಒಂದು ವಾರ ಅದನ್ನೇ ಯೋಚಿಸಿದೆ.

ಒಂಬತ್ತನೇ ದಿನ ಸಂಘದ ಒಬ್ಬರು ಫೋನ್ ಮಾಡಿ, "ಪುಸ್ತಕ ನಿನ್ನ ಹತ್ತಿರ ಇದೆಯಲ್ಲಾ, ಈ ವಾರ ಸಭೆ ಹೇಗೆ ಮಾಡೋದು?" ಅಂದರು. ನಾನು ನಮ್ಮ ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. ಹದಿನೈದು ಹೆಂಗಸರು. ವಾರಕ್ಕೊಮ್ಮೆ ಸುತ್ತ ಕೂತು, ಎಲ್ಲರ ಎದುರಿಗೆ ದುಡ್ಡು ಎಣಿಸಿ, ಹಿಂದಿನ ವಾರ ಬರೆದದ್ದನ್ನು ಜೋರಾಗಿ ಓದಿ, ಆಮೇಲೆ ಹೊಸದು ಬರೆಯುತ್ತೇವೆ. ಯಾರಿಗೆ ಸಾಲ ಬೇಕೋ ಅವರು ಯಾಕೆ ಅಂತ ಎಲ್ಲರ ಮುಂದೆ ಹೇಳಬೇಕು. ನಮ್ಮಲ್ಲಿ ಜಗಳ ಇಲ್ಲವೇ? ಇದೆ. ಆದರೆ ದುಡ್ಡಿನ ಜಗಳ ಇಲ್ಲ. ಐವತ್ತು ಸಾವಿರಕ್ಕೆ ಇಷ್ಟು ಶಿಸ್ತು ಮಾಡುವ ನಾನು, ಮನೆಯ ಹದಿನಾಲ್ಕು ಲಕ್ಷದ ಬಗ್ಗೆ ಒಂದು ದಿನ ಕೂತು ಕೇಳಲಿಲ್ಲ. ಇದು ಹೊಳೆದಾಗ ಹೊರಡಬೇಕು ಅನಿಸಿತು. ಎರಡು ದಿನ ಬಿಟ್ಟು ವಾಪಸ್ ಬಂದೆ.

ಬರುವಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಇವರಿಗೆ ಒಂದೇ ಮಾತು ಹೇಳಿದೆ. "ರೀ, ಭಾನುವಾರ ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಕೂರಬೇಕು. ಅತ್ತೆಮ್ಮ, ಮಕ್ಕಳು ಎಲ್ಲರೂ ಇರಬೇಕು. ಬೈಯೋದಿಲ್ಲ, ಬರೀ ಬರೀತೀನಿ."

ಮೊದಲ ಭಾನುವಾರ ಇವರು ಬರಲೇ ಇಲ್ಲ. ತೋಟದಲ್ಲೇ ಉಳಿದರು. ನಾವು ನಾಲ್ಕು ಜನ ಕೂತು ಮನೆ ಖರ್ಚು ಬರೆದೆವು. ಎರಡನೇ ವಾರ ಬಂದು ಗೋಡೆಗೆ ಒರಗಿ ಸುಮ್ನೆ ಕೂತರು. ನಾನು ಜುಲೈನಿಂದ ಪಟ್ಟಿಗಳನ್ನು ತಾರೀಖಿನ ಪ್ರಕಾರ ಜೋರಾಗಿ ಓದಿದೆ. ಬಾಕ್ಸ್‌ಗೆ 640, 980, 1,400, 1,850. ಓದುತ್ತಾ ಹೋದಂತೆ ಇವರ ಮುಖ ಬದಲಾಯಿತು. ಆ ದಿನಗಳ ಸಂತೋಷ ನಮ್ಮಿಬ್ಬರದೂ ಆಗಿತ್ತಲ್ವಾ? ಅದನ್ನು ನಾವು ಒಟ್ಟಿಗೆ ಒಂದು ದಿನವೂ ಅನುಭವಿಸಿರಲಿಲ್ಲ. ಮೂರನೇ ವಾರ ತಾವಾಗಿಯೇ ಸೈಟಿನ ವಿಷಯ ಹೇಳಿದರು. ಹೇಳುವಾಗ ಗಂಟಲು ಕಟ್ಟಿತು. ಎಲ್ಲರೂ ಬಂದು ಕೇಳುತ್ತಿದ್ದರಂತೆ, ಇಲ್ಲ ಅನ್ನೋಕೆ ಆಗುತ್ತಿರಲಿಲ್ಲವಂತೆ. ಸಾಲಗಾರ ಅಂತ ಮಂಡಿಯಲ್ಲಿ ಹದಿನೈದು ವರ್ಷ ತಲೆ ತಗ್ಗಿಸಿ ನಿಂತವರು, ಮೊದಲ ಸಲ ಜನ ಕುರ್ಚಿ ಎಳೆದು ಕೂರಿಸಿದಾಗ ಅದನ್ನು ಕಳಕೊಳ್ಳೋಕೆ ಹೆದರಿದ್ದರು. ಅಷ್ಟು ದಿನ ನಾನು ಅದನ್ನು ಬರೀ ಸೊಕ್ಕು ಅಂದುಕೊಂಡಿದ್ದೆ.

ಆಮೇಲೆ ಮಾಡಿದ ಕೆಲಸಗಳನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಸೈಟಿನವರ ಹತ್ತಿರ ನಾವಿಬ್ಬರೂ ಹೋದೆವು. ಭೂ ಪರಿವರ್ತನೆಯ ಆದೇಶ, ಅಂದರೆ ಕೃಷಿ ಜಮೀನಿನಲ್ಲಿ ಮನೆ ಕಟ್ಟೋಕೆ ಸರ್ಕಾರ ಕೊಡುವ ಒಪ್ಪಿಗೆ, ತೋರಿಸಿ ಅಂತ ಕೇಳಿದೆ. ಇರಲಿಲ್ಲ, ಅದು ಕೃಷಿ ಜಮೀನನ್ನೇ ತುಂಡು ಮಾಡಿದ್ದ ಜಾಗ. ಐದು ಸಲ ಓಡಾಡಿ 2,75,000 ವಾಪಸ್ ಬಂತು. ಮಿಕ್ಕದ್ದು ಇನ್ನೂ ಬಂದಿಲ್ಲ. ಕಾರನ್ನು 2024ರ ಫೆಬ್ರವರಿಯಲ್ಲಿ ಮಾರಿ ಅದರ ಸಾಲ ತೀರಿಸಿದೆವು. ಮೈದುನನ ಎರಡು ಲಕ್ಷದ ಬಗ್ಗೆ ನಾನು ಮಾತಾಡಲಿಲ್ಲ, ಅತ್ತೆಯೇ ಮಾತಾಡಿದರು. ಈಗ ತಿಂಗಳಿಗೆ ಐದು ಸಾವಿರ ಬರುತ್ತಿದೆ.

ಬ್ಯಾಂಕಿನಲ್ಲಿ ಇಬ್ಬರ ಹೆಸರಿನಲ್ಲಿ ಖಾತೆ ಮಾಡಿದೆವು. ಜಂಟಿ ಖಾತೆ ಅಂದರೆ ಸಾಕಾಗೋದಿಲ್ಲ. ಯಾರಾದರೂ ಒಬ್ಬರು ಸಹಿ ಮಾಡಿ ತೆಗೆಯಬಹುದಾದ ಖಾತೆ ಬೇರೆ, ಇಬ್ಬರೂ ಸಹಿ ಮಾಡಲೇಬೇಕಾದ ಖಾತೆ ಬೇರೆ. ಅರ್ಜಿಯಲ್ಲೇ ಅದನ್ನು ಬರೆಯಬೇಕು. ನಾವು ಎರಡೂ ಮಾಡಿದೆವು. ದಿನದ ಖರ್ಚಿಗೆ ಮೊದಲನೆಯದು, ಬೆಳೆಯ ದುಡ್ಡಿಗೆ ಎರಡನೆಯದು. ಇಬ್ಬರ ಸಹಿಯ ಖಾತೆಗೆ ನಮಗೆ ಎಟಿಎಂ ಕಾರ್ಡ್ ಕೊಡಲಿಲ್ಲ. ಅದು ಒಳ್ಳೆಯದೇ ಆಯಿತು. ಬ್ಯಾಂಕಿಗೆ ಇಬ್ಬರೂ ಬಸ್ಸಿನಲ್ಲಿ ಹೋಗಬೇಕು. ಹೋಗುವ ದಾರಿಯಲ್ಲೇ ಎಷ್ಟೋ ಖರ್ಚುಗಳು ಬೇಡ ಅನಿಸಿ ವಾಪಸ್ ಬಂದದ್ದಿದೆ.

ಐದು ಸಾವಿರ ದಾಟಿದ ಯಾವ ಖರ್ಚಾದರೂ ಭಾನುವಾರದವರೆಗೆ ಕಾಯಬೇಕು ಅಂತ ಮಾಡಿಕೊಂಡೆವು. ಔಷಧಿಗೆ ಮಾತ್ರ ಬಿಟ್ಟಿದ್ದೇವೆ, ರೋಗ ಭಾನುವಾರದವರೆಗೆ ಕಾಯೋದಿಲ್ಲ. ಯಾರಾದರೂ ಸಾಲ ಕೇಳಿದರೆ ಇವರು, "ಭಾನುವಾರ ಮನೇಲಿ ಕೇಳಿ ಹೇಳ್ತೀನಿ" ಅನ್ನುತ್ತಾರೆ. ಮೊದಮೊದಲು ಅದನ್ನು ಹೇಳೋಕೆ ಅವರಿಗೆ ನಾಚಿಕೆ ಆಗುತ್ತಿತ್ತು. ಮಂಡಿಯಲ್ಲಿ ಒಬ್ಬರು, "ಹೆಂಡತಿ ಮಾತು ಕೇಳೋನು" ಅಂದರಂತೆ. "ಹದಿನಾಲ್ಕು ಲಕ್ಷ ಕೇಳದೇ ಕಳೆದೆ ಅಣ್ಣಾ, ಇನ್ನು ಕೇಳ್ತೀನಿ" ಅಂದೆ ಅಂತ ಬಂದು ಹೇಳಿದರು. ಆ ದಿನ ನನಗಾದ ಸಂತೋಷ 2,150ರ ಪಟ್ಟಿ ನೋಡಿದ ದಿನವೂ ಆಗಿರಲಿಲ್ಲ.

ಟೊಮೆಟೊ ಈಗ ಒಂದು ಎಕರೆಗೆ ಮಾತ್ರ. ಮಿಕ್ಕದ್ದರಲ್ಲಿ ರಾಗಿ, ಬೀನ್ಸ್, ಸ್ವಲ್ಪ ಹಿಪ್ಪುನೇರಳೆ. ನನ್ನ ಗೃಹಲಕ್ಷ್ಮಿ ದುಡ್ಡು ಮಗಳ ಟ್ಯೂಷನ್‌ಗೆ ಹೋಯಿತು. ಎಲ್ಲ ಸರಿಹೋಗಿದೆ ಅಂತ ನಾನು ಹೇಳೋದಿಲ್ಲ. "ನಿನಗೇನು" ಅಂದ ಆ ಮಾತು ಕೆಲವು ರಾತ್ರಿ ಈಗಲೂ ನೆನಪಾಗುತ್ತೆ. ಇವರಿಗೂ ಗೊತ್ತು. ಅದು ಯಾವ ನೋಟ್‌ಬುಕ್ಕಿನಲ್ಲೂ ಬರೆದು ಹೊಡೆದು ಹಾಕುವಂಥದ್ದಲ್ಲ.

2024ರ ಜೂನ್‌ನಲ್ಲಿ ರೇಟು ಮತ್ತೆ ಏರಿತು. ನನಗೆ ಎದೆ ಡವಡವ ಅನ್ನುತ್ತಿತ್ತು. ಆ ಭಾನುವಾರ ಮಗಳು ಪುಸ್ತಕ ಹಿಡಿದು ಕೂತಿದ್ದಳು. ಇವರು ಪಟ್ಟಿಗಳನ್ನು ಅವಳ ಮುಂದೆ ಇಟ್ಟು, "ಮೊದಲು ಕೂಲಿ ಬರಿ ಮಗಾ. ಈ ವಾರದಿಂದ ತಲೆಗೆ ಐವತ್ತು ಜಾಸ್ತಿ" ಅಂದರು. ಹಿಂದಿನ ವರ್ಷ ಬೇಜಾರಾಗಿ ಬೇರೆ ತೋಟಕ್ಕೆ ಹೋಗಿದ್ದ ಇಬ್ಬರ ಹೆಸರೂ ಹೇಳಿ, ಅವರನ್ನೂ ಕರೆಯೋಕೆ ನನ್ನನ್ನು ಕೇಳಿದರು. ಅತ್ತೆ ಎದ್ದು ಹೋಗಿ ಗೋಡೆಯ ಮೇಲಿದ್ದ ಮೊರ ಇಳಿಸಿ ಧೂಳು ಒರೆಸತೊಡಗಿದರು.